ಮುಷ್ಟಿಗೆ ಐದು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

2025ರ ಫೆಬ್ರವರಿ 15ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಅಮೆರಿಕ–ಕೆನಡಾ ಐಸ್ ಹಾಕಿ ಪಂದ್ಯ ಶುರುವಾಗಿ, ಆಟದ ಗಡಿಯಾರ 9 ಸೆಕೆಂಡು ಓಡುವಷ್ಟರಲ್ಲಿ ಮೂರು ಹೊಡೆದಾಟ ನಡೆದುಹೋಗಿದ್ದವು. ಎರಡೂ ಕಡೆ ಆಡುತ್ತಿದ್ದವರು ಅಮೆರಿಕ, ಕೆನಡಾಗಳ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಆಟಗಾರರೇ. ಅದಕ್ಕೂ ಹಿಂದಿನ ವರ್ಷ, 2024ರ ಏಪ್ರಿಲ್ 3ರಂದು, ನ್ಯೂಯಾರ್ಕ್ ರೇಂಜರ್ಸ್ ಮತ್ತು ನ್ಯೂಜೆರ್ಸಿ ಡೆವಿಲ್ಸ್ ಪಂದ್ಯದಲ್ಲಿ ಮೊದಲ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಬೀಳುತ್ತಿದ್ದಂತೆ ಗೋಲಿಗಳನ್ನು, ಅಂದರೆ ಗೋಲ್‌ಕೀಪರ್‌ಗಳನ್ನು, ಬಿಟ್ಟು ಹತ್ತೂ ಜನ ಜೋಡಿ ಜೋಡಿಯಾಗಿ ಕೈ ಮಿಲಾಯಿಸಿದರು. ಎಂಟು ಜನರನ್ನು ಹೊರಗೆ ಕಳಿಸಬೇಕಾಯಿತು. ಇಂಥ ಸುದ್ದಿ ಕ್ರೀಡಾಪುಟದಲ್ಲಿ ‘ರಣರಂಗವಾದ ಹಿಮದಂಗಣ’ ಎಂಬ ತಲೆಬರಹದಡಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆಟಗಾರರು ಸಿಟ್ಟಿನಲ್ಲಿ ಬುದ್ಧಿ ಕಳೆದುಕೊಂಡರು ಎಂದೇ ಓದುಗರು ತಿಳಿಯುತ್ತಾರೆ. ಅದು ನಿಜವಲ್ಲ. ಬಹುಪಾಲು ಹೊಡೆದಾಟಗಳು ಲೆಕ್ಕ ಹಾಕಿಯೇ ನಡೆಯುತ್ತವೆ. ಆ ಲೆಕ್ಕವನ್ನು ಬರೆದುಕೊಟ್ಟಿರುವುದು ನಿಯಮಾವಳಿ.

ಎನ್‌ಎಚ್‌ಎಲ್‌ನಲ್ಲಿ ಹೊಡೆದಾಟಕ್ಕೆಂದೇ 46ನೇ ನಿಯಮ ಇದೆ. ಗ್ಲೌಸ್ ಬಿಸಾಡಿ ಮುಷ್ಟಿ ಎತ್ತಿದ ಇಬ್ಬರಿಗೂ ಐದೈದು ನಿಮಿಷದ ಮೇಜರ್ ಪೆನಾಲ್ಟಿ. ಎದುರಾಳಿಯ ಕಾಲಿಗೆ ಸ್ಟಿಕ್ ಕೊಟ್ಟು ಕೆಡವಿದರೆ ಬರೀ ಎರಡು ನಿಮಿಷದ ಮೈನರ್. ಮೇಲ್ನೋಟಕ್ಕೆ ಹೊಡೆದಾಟದ ಶಿಕ್ಷೆಯೇ ದೊಡ್ಡದು. ತಂಡಕ್ಕೆ ದುಬಾರಿಯಾಗುವುದು ಮಾತ್ರ ಆ ಎರಡು ನಿಮಿಷ. ಹಾಗೆ ಕೆಡವಿದವನ ತಂಡ ಅಷ್ಟು ಹೊತ್ತು ಗೋಲಿಯನ್ನು ಬಿಟ್ಟು ಐವರ ಬದಲು ನಾಲ್ವರಲ್ಲಿ ಆಡಬೇಕು, ಎದುರಾಳಿಗೆ ಒಬ್ಬ ಆಟಗಾರ ಹೆಚ್ಚಿರುವ ‘ಪವರ್ ಪ್ಲೇ’ ಸಿಗುತ್ತದೆ, ಗೋಲು ಹೋಗುವ ಭಯ ಇರುತ್ತದೆ. ಹೊಡೆದಾಟದಲ್ಲಿ ಎರಡೂ ಕಡೆ ಸಮಾನ ಪೆನಾಲ್ಟಿ, ಆದ್ದರಿಂದ ಒಂದಕ್ಕೊಂದು ವಜಾ. ಬೆಂಚಿನಿಂದ ಬದಲಿ ಆಟಗಾರರು ಇಳಿಯುತ್ತಾರೆ, ಆಟ ಐವರಿಗೆ ಐವರಂತೆಯೇ ಮುಂದುವರಿಯುತ್ತದೆ. ಅಂಗಣದ ಬದಿಯ ಪೆನಾಲ್ಟಿ ಬಾಕ್ಸಿನಲ್ಲಿ ಕೂತವರು ಐದು ನಿಮಿಷ ಕಳೆದ ಮೇಲೆ ಆಟ ನಿಂತಾಗ ಹೊರಬರುತ್ತಾರೆ, ಅಷ್ಟೆ. ಅರವತ್ತು ನಿಮಿಷದ ಪಂದ್ಯದಲ್ಲಿ ಹತ್ತು ನಿಮಿಷವೂ ಆಡದ ನಾಲ್ಕನೇ ಸಾಲಿನ ಆಟಗಾರನನ್ನು ಐದು ನಿಮಿಷ ಕೂರಿಸಿದರೆ ತಂಡ ಕಳೆದುಕೊಳ್ಳುವುದೇನು?

ಇದಕ್ಕೆ ಕಡಿವಾಣ ಹಾಕಲೆಂದೇ ಇರುವುದು ‘ಇನ್‌ಸ್ಟಿಗೇಟರ್’ ನಿಯಮ. 1992-93ರ ಋತುವಿನಲ್ಲಿ ಇದನ್ನು ಬಿಗಿಗೊಳಿಸಿದರು. ಜಗಳ ತೆಗೆದವನು ಇವನೇ ಎಂದು ರೆಫರಿಗೆ ಖಚಿತವಾದರೆ ಈಗ ಐದು ನಿಮಿಷದ ಮೇಲೆ ಇನ್ನೆರಡು ನಿಮಿಷ, ಅದರ ಮೇಲೆ ಹತ್ತು ನಿಮಿಷದ ಮಿಸ್‌ಕಾಂಡಕ್ಟ್ (ಆಟಗಾರ ಕೂರಬೇಕು, ಬದಲಿಯವನು ಇಳಿಯಬಹುದು): ಒಟ್ಟು 17. ಇದರಲ್ಲಿ ತಂಡಕ್ಕೆ ನೋಯುವುದು ಆ ಎರಡು ನಿಮಿಷ ಮಾತ್ರ, ಏಕೆಂದರೆ ಎದುರಾಳಿಗೆ ಪವರ್ ಪ್ಲೇ ಕೊಡುವುದು ಅದೊಂದೇ. ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಹೀಗೆ ಮಾಡಿದರೆ ಆಟಗಾರನಿಗೆ ಮುಂದಿನ ಒಂದು ಪಂದ್ಯ ಇಲ್ಲ, ಕೋಚ್‌ಗೆ 10,000 ಡಾಲರ್ ದಂಡ. ಒಳ್ಳೆಯ ನಿಯಮ. ತೂತು ಇರುವುದು ಒಪ್ಪಿಗೆಯಲ್ಲಿ. ಫೇಸ್‌ಆಫ್‌ಗೆ, ಅಂದರೆ ರೆಫರಿ ಪಕ್ ಬೀಳಿಸಿ ಆಟ ಶುರು ಮಾಡುವುದಕ್ಕೆ, ನಿಂತಾಗ ಒಬ್ಬ ‘ಬರ್ತೀಯಾ?’ ಎನ್ನುತ್ತಾನೆ, ಇನ್ನೊಬ್ಬ ತಲೆಯಾಡಿಸುತ್ತಾನೆ, ಪಕ್ ಬೀಳುತ್ತಲೇ ನಾಲ್ಕೂ ಗ್ಲೌಸ್ ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಇಬ್ಬರೂ ಒಪ್ಪಿದ ಜಗಳದಲ್ಲಿ ತೆಗೆದವನು ಯಾರು ಎಂದು ರೆಫರಿ ಹೇಗೆ ಬರೆದುಕೊಂಡಾನು?

ಹೊಡೆದಾಟ ಹತ್ತಿರದಿಂದ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಅಪಾಯ ಎಲ್ಲಿದೆ ಎಂಬುದು ಅಲ್ಲೇ ಕಾಣುವುದು. ಮಂಜಿನ ಮೇಲೆ ಕಾಲಿಗೆ ಹಿಡಿತ ಇಲ್ಲ. ನೆಲದ ಮೇಲಿನ ಬಾಕ್ಸರ್ ಹಿಂಗಾಲು ಊರಿ ಪಡೆಯುವ ಬಲ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಮೊದಲ ಕೆಲಸ ಹಿಡಿಯುವುದು. ಬಲಗೈಯಲ್ಲಿ ಹೊಡೆಯುವವನು ಎಡಗೈಯಿಂದ ಎದುರಾಳಿಯ ಬಲ ತೋಳಿನ ಜೆರ್ಸಿಯನ್ನು ಭುಜ–ಮೊಣಕೈ ನಡುವೆ ಗಟ್ಟಿಯಾಗಿ ಹಿಡಿಯುತ್ತಾನೆ. ಅವನ ಹೊಡೆಯುವ ಕೈ ಕಟ್ಟಿದಂತಾಗುತ್ತದೆ, ತನಗೆ ನಿಲ್ಲಲು ಆಸರೆಯೂ ಸಿಗುತ್ತದೆ. ಆಮೇಲೆ ಗಲ್ಲವನ್ನು ಎದೆಗೆ ಒತ್ತಿಕೊಂಡು, ಎದುರಾಳಿಯನ್ನು ತನ್ನತ್ತ ಜಗ್ಗುತ್ತಲೇ ಹೊಡೆಯುವುದು. ಜಗ್ಗಿದ ರಭಸವೇ ಏಟಿನ ಬಲ. ಜೆರ್ಸಿಗೆ ಇಷ್ಟು ಬೆಲೆ ಇರುವುದರಿಂದಲೇ ಬಫಲೋ ತಂಡದ ರಾಬ್ ರೇ ಹೊಡೆದಾಟದಲ್ಲಿ ಜೆರ್ಸಿಯಿಂದ ನುಣುಚಿಕೊಂಡು ಬರಿಮೈಯಾಗುತ್ತಿದ್ದ, ಎದುರಾಳಿಗೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ. ಈಗ ಜೆರ್ಸಿಯ ಹಿಂಬದಿಯ ಒಳಗೆ ಹೊಲಿದಿರುವ ಪಟ್ಟಿಯನ್ನು ಪ್ಯಾಂಟಿಗೆ ಸಿಕ್ಕಿಸಿರಬೇಕು. ಸಿಕ್ಕಿಸದೆ ಹೊಡೆದಾಟದಲ್ಲಿ ಜೆರ್ಸಿ ಕಳಚಿತೋ, ಪಂದ್ಯದಿಂದಲೇ ಹೊರಗೆ.

ಅಷ್ಟು ಹೊತ್ತು ಅಧಿಕಾರಿಗಳು ಸುಮ್ಮನೆ ನೋಡುತ್ತಾ ನಿಂತಿದ್ದಾರೆ ಎಂದು ಟೀಕಿಸುವವರಿದ್ದಾರೆ. ಅದು ತಪ್ಪು ಟೀಕೆ. ಅಂಗಣದಲ್ಲಿ ಇಬ್ಬರು ರೆಫರಿಗಳು, ಇಬ್ಬರು ಲೈನ್ಸ್‌ಮನ್‌ಗಳು. ರೆಫರಿಗಳು ದೂರ ನಿಂತು ಯಾರು ಯಾವಾಗ ಸೇರಿಕೊಂಡರು ಎಂದು ಗಮನಿಸುತ್ತಾರೆ, ಉಳಿದ ಆಟಗಾರರನ್ನು ಆಚೆ ಸರಿಸುತ್ತಾರೆ. ಬಿಡಿಸುವ ಕೆಲಸ ಲೈನ್ಸ್‌ಮನ್‌ಗಳದು. ಬಿದ್ದ ಸ್ಟಿಕ್, ಗ್ಲೌಸ್‌ಗಳನ್ನು ಅವರು ಮೊದಲು ಕಾಲಿನಿಂದ ತಳ್ಳುತ್ತಾರೆ, ಅವುಗಳ ಮೇಲೆ ಸ್ಕೇಟ್ ಹತ್ತಿ ಯಾರಾದರೂ ಮಗುಚಿ ಬೀಳಬಾರದೆಂದು. ಆಮೇಲೆ ಇಬ್ಬರೂ ಕಣ್ಣಲ್ಲೇ ಸನ್ನೆ ಮಾಡಿಕೊಂಡು ಎರಡು ಬದಿಯಿಂದ ಒಟ್ಟಿಗೆ ನುಗ್ಗಬೇಕು. ಒಬ್ಬನೇ ನುಗ್ಗಿ ಒಬ್ಬ ಆಟಗಾರನ ಕೈ ಹಿಡಿದನೆಂದರೆ ಎದುರಿನವನಿಗೆ ತಡೆಯಿಲ್ಲದ ಏಟು ಸಿಕ್ಕಿತೆಂದೇ ಲೆಕ್ಕ. ಆದ್ದರಿಂದ ಏಟಿನ ಬಿರುಸು ತಗ್ಗುವವರೆಗೆ, ಅಥವಾ ಒಬ್ಬ ಕೆಳಗೆ ಬೀಳುವವರೆಗೆ ಕಾಯುತ್ತಾರೆ. ಒಬ್ಬ ಬಿದ್ದನೆಂದರೆ ಮುಗಿಯಿತು. ಬಿದ್ದವನ ಮೇಲೆ ಕೈ ಮಾಡುವುದು ಆಟಗಾರರಲ್ಲೇ ಹೇಸಿಗೆಯ ಕೆಲಸ.

ನಿಜವಾದ ಗಂಡಾಂತರ ಮುಷ್ಟಿಯಲ್ಲಿಲ್ಲ, ಆ ಬೀಳುವುದರಲ್ಲಿದೆ. ಹೆಲ್ಮೆಟ್ಟಿಗೆ, ಕಣ್ಣಿನ ಮುಂದಿನ ವೈಸರಿಗೆ ಬಡಿದ ಮುಷ್ಟಿಯಲ್ಲಿ ಕಿರುಬೆರಳಿನ ಬುಡದ ಮೂಳೆ ಮುರಿಯುತ್ತದೆ, ಜಗ್ಗಾಟದಲ್ಲಿ ಭುಜದ ಕೀಲು ತಪ್ಪುತ್ತದೆ. ಇವು ವಾಸಿಯಾಗುವ ಗಾಯಗಳು. ಎರಡು ಕೈಯೂ ಎದುರಾಳಿಯ ಮೇಲಿರುವಾಗ ಹಿಂದಕ್ಕೆ ಬಿದ್ದವನಿಗೆ ಊರಿಕೊಳ್ಳಲು ಕೈ ಇರುವುದಿಲ್ಲ, ಹಿಂದಲೆ ನೇರ ಮಂಜಿಗೆ ಬಡಿಯುತ್ತದೆ. ಡಾನ್ ಸ್ಯಾಂಡರ್ಸನ್ ಎಂಬ 21 ವರ್ಷದ ಆಟಗಾರ 2008ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ಸೀನಿಯರ್ ಪಂದ್ಯವೊಂದರಲ್ಲಿ ಹೀಗೇ ಬಿದ್ದ. ಹೊಡೆದಾಟದ ನಡುವೆ ಹೆಲ್ಮೆಟ್ ಕಳಚಿತ್ತು. 2009ರ ಜನವರಿ 2ರಂದು ತೀರಿಕೊಂಡ. ಎನ್‌ಎಚ್‌ಎಲ್ 2013-14ರಲ್ಲಿ, ಹೊಡೆದಾಡುವ ಮುನ್ನ ತನ್ನ ಹೆಲ್ಮೆಟ್ ತಾನೇ ತೆಗೆದವನಿಗೆ ಎರಡು ನಿಮಿಷ ಹೆಚ್ಚುವರಿ ಎಂದು ನಿಯಮ ಮಾಡಿತು. ಆ ಋತುವಿನ ಅಭ್ಯಾಸ ಪಂದ್ಯವೊಂದರಲ್ಲೇ ಇಬ್ಬರು ಎದುರುಬದುರು ನಿಂತು, ಇವನ ಹೆಲ್ಮೆಟ್ ಅವನು, ಅವನದು ಇವನು ಮೆಲ್ಲಗೆ ಬಿಚ್ಚಿಕೊಟ್ಟು ಹೊಡೆದಾಟ ಶುರು ಮಾಡಿದರು. ಅಗ್ಗದ ಶಿಕ್ಷೆ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಡೆದಾಟ ಬೇಕು ಎನ್ನುವವರ ಮುಖ್ಯ ವಾದವೊಂದಿದೆ, ಅದನ್ನು ಗಂಭೀರವಾಗಿಯೇ ಎದುರಿಸಬೇಕು. ಮುಷ್ಟಿಯ ಭಯ ಇದ್ದರೆ ಹಿಂದಿನಿಂದ ಗುದ್ದುವ, ಸ್ಟಿಕ್ಕಿನಿಂದ ಬಾರಿಸುವ ಪುಂಡಾಟ ನಿಲ್ಲುತ್ತದೆ, ತಂಡಗಳ ಹಗೆ ಅಲ್ಲೇ ತೀರುತ್ತದೆ ಎಂಬುದು ಆ ವಾದ. ಕೊಲರಾಡೊ ಅವಲಾಂಚ್ ಮತ್ತು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಗಳ ಕಥೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. 1996ರ ಮೇ 29ರಂದು ಕೊಲರಾಡೊದ ಕ್ಲೋಡ್ ಲೆಮ್ಯೂ, ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರ್‌ನನ್ನು ಹಿಂದಿನಿಂದ ಅಂಗಣದ ಸುತ್ತಲಿನ ಬೋರ್ಡಿಗೆ ಅಪ್ಪಳಿಸಿದ; ಡ್ರೇಪರ್‌ನ ದವಡೆ, ಕೆನ್ನೆಯ ಮೂಳೆ, ಮೂಗು ಮುರಿದವು. ಲೀಗ್ ಕೊಟ್ಟ ಶಿಕ್ಷೆ ಎರಡು ಪಂದ್ಯ. ಮುನ್ನೂರ ಒಂದು ದಿನ ಆದ ಮೇಲೆ, 1997ರ ಮಾರ್ಚ್ 26ರಂದು, ಡೆಟ್ರಾಯಿಟ್‌ನ ಡ್ಯಾರನ್ ಮೆಕಾರ್ಟಿ ಲೆಮ್ಯೂನನ್ನು ಹಿಡಿದು ಬಡಿದ. ಗೋಲಿಗಳಾದ ಪ್ಯಾಟ್ರಿಕ್ ರುವಾ, ಮೈಕ್ ವರ್ನನ್ ಕೂಡ ಅಂಗಣದ ನಡುವೆ ಬಂದು ಹೊಡೆದಾಡಿದರು. ಮೆಕಾರ್ಟಿಯೇ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು 6-5ರಿಂದ ಗೆಲ್ಲಿಸಿದ, ಆ ವರ್ಷ ಡೆಟ್ರಾಯಿಟ್ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು. ಕೇಳಲು ರೋಮಾಂಚನವೇ. ಈ ಕಥೆ ಹುಟ್ಟಿದ್ದು ಎಲ್ಲಿ? ಒಬ್ಬನ ಮುಖ ಮುರಿದದ್ದಕ್ಕೆ ಲೀಗ್ ಕಟ್ಟಿದ ಬೆಲೆ ಎರಡೇ ಪಂದ್ಯ ಎಂಬಲ್ಲಿ. ಅಲ್ಲಿ ತಕ್ಕ ಶಿಕ್ಷೆ ಬಿದ್ದಿದ್ದರೆ ಮೆಕಾರ್ಟಿಗೆ ತೀರಿಸಲು ಬಾಕಿ ಉಳಿಯುತ್ತಿರಲಿಲ್ಲ.

ಹಗೆ ಮುಷ್ಟಿಯಿಂದ ತೀರುತ್ತದೆ ಎಂಬ ಮಾತನ್ನು ಸುಳ್ಳು ಮಾಡಿದ್ದು 2004. ಫೆಬ್ರವರಿ 16ರಂದು ಕೊಲರಾಡೊದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನ್ಯಾಸ್ಲಂಡ್‌ಗೆ ಗುದ್ದಿ ಗಾಯಗೊಳಿಸಿದ. ಮಾರ್ಚ್ 8ರಂದು ವ್ಯಾಂಕೂವರ್‌ನಲ್ಲಿ ಮತ್ತೆ ಅದೇ ತಂಡಗಳು. ಮೊದಲ ಅವಧಿಯಲ್ಲೇ ಮ್ಯಾಟ್ ಕುಕ್ ಕರೆದಾಗ ಮೂರ್ ಹಿಂಜರಿಯದೆ ಹೊಡೆದಾಡಿದ. ಆಟಗಾರರ ಅಲಿಖಿತ ಕಟ್ಟಳೆಯ ಪ್ರಕಾರ ಬಾಕಿ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಮೂರನೇ ಅವಧಿಯಲ್ಲಿ ಟಾಡ್ ಬರ್ಟೂಝಿ ಅವನ ಹಿಂದೆ ಹಿಂದೆಯೇ ಹೋಗಿ, ಜೆರ್ಸಿ ಹಿಡಿದು ತಲೆಗೆ ಹಿಂದಿನಿಂದ ಗುದ್ದಿ ಮಂಜಿಗೆ ಕೆಡವಿದ. ಮೂರ್‌ನ ಕುತ್ತಿಗೆಯ ಮೂರು ಮೂಳೆ ಮುರಿದವು, ಅವನು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಒಂದು ಮುಷ್ಟಿಯುದ್ಧ ಆಗಲೇ ನಡೆದಿತ್ತಲ್ಲ, ಅದು ಯಾರನ್ನು ಕಾಪಾಡಿತು?

ತಂಡಗಳ ಪೈಪೋಟಿ ಕಾವೇರಿದಾಗ ಅಧಿಕಾರಿಗಳ ಸಣ್ಣ ತಪ್ಪೂ ಬೆಂಕಿಗೆ ಎಣ್ಣೆಯಾಗುತ್ತದೆ ಎಂಬುದಕ್ಕೆ 1984ರ ಏಪ್ರಿಲ್ 20ರ ಗುಡ್ ಫ್ರೈಡೇ ಪಂದ್ಯವನ್ನು ನೆನೆಯಬೇಕು. ಕ್ಯುಬೆಕ್ ನಾರ್ಡಿಕ್ಸ್ ಮತ್ತು ಮಾಂಟ್ರಿಯಲ್ ಕೆನೇಡಿಯನ್ಸ್ ಒಂದೇ ಪ್ರಾಂತ್ಯದ ತಂಡಗಳು; ಅಣ್ಣತಮ್ಮಂದಿರಾದ ಡೇಲ್ ಹಂಟರ್, ಮಾರ್ಕ್ ಹಂಟರ್ ಎದುರುಬದುರು ತಂಡದಲ್ಲಿದ್ದರು. ಎರಡನೇ ಅವಧಿಯ ಕೊನೆಗೆ ದೊಡ್ಡ ಹೊಡೆದಾಟ ಆಯಿತು. ರೆಫರಿ ವಿರಾಮದಲ್ಲಿ ಯಾರು ಯಾರು ಹೊರಗೆ ಎಂದು ತೀರ್ಮಾನಿಸಿದರೂ, ಅದು ಘೋಷಣೆಯಾಗುವ ಮೊದಲೇ ಎರಡೂ ತಂಡ ಅಂಗಣಕ್ಕೆ ಇಳಿದವು. ಹೊರಹೋಗಬೇಕಾದವರೇ ಎದುರಿಗಿದ್ದರು, ಇನ್ನು ಕಳೆದುಕೊಳ್ಳಲು ಅವರಿಗೆ ಏನೂ ಇರಲಿಲ್ಲ. ಮತ್ತೆ ಹೊಡೆದಾಟ. ಒಟ್ಟು 252 ಪೆನಾಲ್ಟಿ ನಿಮಿಷ.

ಲೀಗ್ ಮನಸ್ಸು ಮಾಡಿದರೆ ಇದನ್ನೆಲ್ಲ ನಿಲ್ಲಿಸಬಲ್ಲದು, ನಿಲ್ಲಿಸಿಯೂ ತೋರಿಸಿದೆ. ಇಬ್ಬರ ಜಗಳಕ್ಕೆ ಮೂರನೆಯವನು ಕೈ ಹಾಕಿದರೆ ಪಂದ್ಯದಿಂದ ಹೊರಗೆ ಎಂದು 1971ರಲ್ಲಿ ನಿಯಮವಾಯಿತು. 1987ರ ಮೇ 14ರಂದು ಮಾಂಟ್ರಿಯಲ್–ಫಿಲಡೆಲ್ಫಿಯಾ ತಂಡಗಳು ಪಂದ್ಯಕ್ಕೂ ಮೊದಲು, ಮೈ ಬಿಸಿ ಮಾಡಿಕೊಳ್ಳುವ ಹೊತ್ತಿನಲ್ಲೇ ಬಡಿದಾಡಿದವು. ಎದುರಾಳಿಯ ಖಾಲಿ ಗೋಲು ಬಲೆಗೆ ಕೊನೆಗೊಮ್ಮೆ ಪಕ್ ಹೊಡೆಯುವ, ಆಗ ಮಾಂಟ್ರಿಯಲ್‌ನಲ್ಲಿದ್ದ ಅದೇ ಲೆಮ್ಯೂನ ರೂಢಿಯೇ ಕಿಡಿ. ಆ ವರ್ಷವೇ, ಹೊಡೆದಾಟಕ್ಕೆಂದು ಬೆಂಚು ಬಿಟ್ಟು ಮೊದಲು ಇಳಿದವನಿಗೆ ಹತ್ತು ಪಂದ್ಯ ಇಲ್ಲ ಎಂದು ಲೀಗ್ ಕಟ್ಟಾಜ್ಞೆ ಮಾಡಿತು. ಬೆಂಚುಗಳೆರಡೂ ಖಾಲಿಯಾಗುವ ಕಾಳಗಗಳು ಅಲ್ಲಿಗೆ ಬಹುತೇಕ ಮುಗಿದವು. ಆಟಗಾರರ ಸ್ವಭಾವ ಬದಲಾಗಲಿಲ್ಲ, ಬೆಲೆ ಬದಲಾಯಿತು. ಕಪ್ ಯಾರಿಗೆಂದು ತೀರ್ಮಾನಿಸುವ ಪ್ಲೇಆಫ್‌ನಲ್ಲೂ ಇದನ್ನೇ ಕಾಣುತ್ತೇವೆ. ಎರಡೇ ತಂಡ ಏಳು ಪಂದ್ಯದವರೆಗೆ ಎದುರುಬದುರಾಗುತ್ತವೆ, ಹಗೆ ದಿನೇ ದಿನೇ ಏರುತ್ತದೆ, ಹೊಡೆದಾಟ ಮಾತ್ರ ಇಳಿಯುತ್ತದೆ. ಒಂದು ಪೆನಾಲ್ಟಿಯಿಂದ ಸರಣಿಯೇ ಕೈತಪ್ಪೀತು ಎಂದು ಎಲ್ಲರಿಗೂ ಗೊತ್ತಿರುತ್ತದೆ. 1980ರ ದಶಕದಲ್ಲಿ ಸರಾಸರಿ ಪಂದ್ಯಕ್ಕೊಂದರ ಹತ್ತಿರ ಇದ್ದ ಹೊಡೆದಾಟ ಈಗ ಸುಮಾರು ಐದು ಪಂದ್ಯಕ್ಕೊಂದು.

ಮುಷ್ಟಿಯಿಂದ ಕಪ್ ಗೆಲ್ಲಬಹುದು ಎನ್ನುವವರು ಫಿಲಡೆಲ್ಫಿಯಾ ಫ್ಲೈಯರ್ಸ್ ಹೆಸರು ಹೇಳುತ್ತಾರೆ. 1974, 1975ರಲ್ಲಿ ಅವರು ಕಪ್ ಗೆದ್ದದ್ದು ನಿಜ. 1974-75ರಲ್ಲಿ ಅವರ ಡೇವ್ ಶುಲ್ಟ್ಸ್ 472 ನಿಮಿಷ ಪೆನಾಲ್ಟಿ ಪಡೆದ ದಾಖಲೆ ಇಂದಿಗೂ ಅಳಿದಿಲ್ಲ. ಆದರೆ 1976ರ ಫೈನಲ್‌ನಲ್ಲಿ ಮಾಂಟ್ರಿಯಲ್ ಅವರನ್ನು 4-0ಯಿಂದ ಮಣಿಸಿತು, ಸ್ಕೇಟಿಂಗ್ ಮತ್ತು ಪಾಸ್‌ಗಳಿಂದ.

ಹೊಡೆಯುವುದಕ್ಕೆಂದೇ ಇಟ್ಟುಕೊಂಡ ಎನ್‌ಫೋರ್ಸರ್‌ಗಳು ತೆತ್ತ ಬೆಲೆಯನ್ನೂ ಬರೆಯಬೇಕು. ಮಿನೆಸೋಟ, ನ್ಯೂಯಾರ್ಕ್ ತಂಡಗಳಲ್ಲಿದ್ದ ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ 28ನೇ ವಯಸ್ಸಿಗೇ ತೀರಿಕೊಂಡ. ಮದ್ಯದ ಜೊತೆ ನೋವಿನ ಮಾತ್ರೆ ಮಿತಿಮೀರಿ ಸೇರಿತ್ತು. ಅವನ ಮಿದುಳನ್ನು ಪರೀಕ್ಷಿಸಿದಾಗ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಕಾಯಿಲೆ ಕಂಡುಬಂತು. 2010ರಲ್ಲಿ ತೀರಿಕೊಂಡ ಬಾಬ್ ಪ್ರೋಬರ್ಟ್‌ನ ಮಿದುಳಿನಲ್ಲೂ ಅದೇ ಇತ್ತು.

ಹಾಗಾದರೆ ಏನು ಮಾಡಬೇಕು? ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನು ಪಂದ್ಯದಿಂದ ಹೊರಗೆ. ಅಮೆರಿಕದ ಕಾಲೇಜು ಹಾಕಿಯಲ್ಲಿ ಮುಂದಿನ ಪಂದ್ಯವೂ ಇಲ್ಲ. ಕ್ಯುಬೆಕ್‌ನ ಜೂನಿಯರ್ ಲೀಗ್ 2023ರಿಂದ ಹೊಡೆದಾಡಿದವನನ್ನು ಆ ಪಂದ್ಯದಿಂದ ಹೊರಗಟ್ಟುತ್ತಿದೆ. ಎನ್‌ಎಚ್‌ಎಲ್ ಅಷ್ಟು ದೂರ ಒಮ್ಮೆಗೇ ಹೋಗಲಾರದು ಎನ್ನುವುದಾದರೆ, ಅದರ ಕೆಳಹಂತದ ವೃತ್ತಿಪರ ಲೀಗ್ ಆದ ಎಎಚ್‌ಎಲ್‌ನಲ್ಲೇ ಸಿದ್ಧ ನಿಯಮ ಇದೆ. 2016-17ರಿಂದ ಅಲ್ಲಿ ಫೇಸ್‌ಆಫ್‌ಗೆ ಮುನ್ನ ಅಥವಾ ಪಕ್ ಬಿದ್ದ ಕೂಡಲೇ ಹೊಡೆದಾಡಿದವರಿಗೆ ಪಂದ್ಯ ಅಲ್ಲಿಗೆ ಮುಗಿಯಿತು. ಒಂದು ಋತುವಿನಲ್ಲಿ ಹತ್ತನೇ ಹೊಡೆದಾಟಕ್ಕೆ ಒಂದು ಪಂದ್ಯದ ನಿಷೇಧ, ಹದಿನಾಲ್ಕರಿಂದ ಎರಡು ಪಂದ್ಯ. ತಲೆಯಾಡಿಸಿ ಒಪ್ಪಿಕೊಂಡ ಜಗಳದ ತೂತನ್ನು ಇದು ಮುಚ್ಚುತ್ತದೆ. ರೆಫರಿ ಯಾರ ಮನಸ್ಸನ್ನೂ ಓದಬೇಕಿಲ್ಲ, ಗಡಿಯಾರ ನೋಡಿದರೆ ಸಾಕು. ಮಾಂಟ್ರಿಯಲ್‌ನ ಆ 9 ಸೆಕೆಂಡಿನ ಮೊದಲ ಎರಡು ಹೊಡೆದಾಟಗಳು ಈ ನಿಯಮದಡಿ ಬರುತ್ತಿದ್ದವು. ನಾಲ್ಕು ಜನ ಐದು ನಿಮಿಷಕ್ಕೆ ಮರಳಿ ಬರುವ ಬದಲು ಮೊದಲ ನಿಮಿಷದಲ್ಲೇ ಡ್ರೆಸಿಂಗ್ ರೂಮಿಗೆ ಹೋಗಬೇಕಾಗುತ್ತಿತ್ತು. ಅಷ್ಟು ಬೆಲೆ ತೆರಬೇಕೆಂದು ಮೊದಲೇ ಗೊತ್ತಿದ್ದರೆ ಯಾವ ಕೋಚ್ ಹೂಂ ಎನ್ನುತ್ತಿದ್ದ?

ಕ್ರೀಡಾಪುಟದವರಲ್ಲಿ ಒಂದೇ ವಿನಂತಿ. ಇನ್ನು ಮುಂದೆ ಹೊಡೆದಾಟದ ಫೋಟೊ ಹಾಕಿದಾಗ ಅದರ ಕೆಳಗೆ ಮೂರು ಸಂಗತಿ ಸೇರಿಸಿ: ಆಟ ಶುರುವಾಗಿ ಎಷ್ಟು ಸೆಕೆಂಡಿಗೆ ನಡೆಯಿತು, ಯಾರ ಹೆಲ್ಮೆಟ್ ಕಳಚಿತ್ತು, ಶಿಕ್ಷೆಯಾದ ಮೇಲೆ ಯಾವ ತಂಡವಾದರೂ ನಾಲ್ವರಲ್ಲಿ ಆಡಿತೇ ಇಲ್ಲವೇ.

ಇಂತಿ,
ಐಸ್ ಹಾಕಿಯ ಒಬ್ಬ ಓದುಗ