ಸಬ್‌ಸೆಂಟರಿನ ಸಿಸ್ಟರ್ ಮನೆಗೆ ಬರಲಿ: ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಇದು ಕಟ್ಟಡ ಕೇಳುವ ಪತ್ರ ಅಲ್ಲ. ಆರೋಗ್ಯ ಅಂದ ಕೂಡಲೇ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಲ್ಲರೂ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ವಿಷಯ ತೆಗೆಯುತ್ತಾರೆ. 2013ರಲ್ಲಿ ಶಿಲಾನ್ಯಾಸ ಆದದ್ದು. ಆ ಬಗ್ಗೆ ನಿಮಗೆ ಬಂದಿರುವ ಮನವಿಗಳು ಸಾಕಷ್ಟಿರಬಹುದು, ನನ್ನದೊಂದು ಬೇಡ. ನಾನು ಬರೆಯುತ್ತಿರುವುದು ಸಬ್‌ಸೆಂಟರಿನ, ಅಂದರೆ ಊರಿನ ಉಪ ಆರೋಗ್ಯ ಕೇಂದ್ರದ, ಸಿಸ್ಟರ್ ಬಗ್ಗೆ. ಕಡತದಲ್ಲಿ ಅವರು ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್, ಅಂದರೆ ಜೆಪಿಎಚ್‌ಎನ್. ನಮಗೆ ಸಿಸ್ಟರ್.

ಕೇಳುವುದು ಎರಡೇ. ಆ ಸಿಸ್ಟರ್ ಮೊದಲಿನ ಹಾಗೆ ಮನೆಗೆ ಬರಬೇಕು. ಬಂದವರಿಗೆ ಮನೆಯವರ ಮಾತು ಅರ್ಥ ಆಗಬೇಕು.

ಮನೆಭೇಟಿ ಅಂದರೆ ಬೇರೆ ಕೆಲಸ ಮುಗಿದು ಪುರುಸೊತ್ತಾದರೆ ಮಾಡುವುದು ಅಂತ ಇಲಾಖೆಯ ಮೇಲಿನವರಿಗೆ ಅನಿಸಿದಂತಿದೆ. ಈ ಕೆಲಸ ಹುಟ್ಟಿದ್ದೇ ಮನೆಭೇಟಿಯಿಂದ. ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ವಿಲಿಯಂ ರಾತ್‌ಬೋನ್ ಅಂತ ಒಬ್ಬ ದೊಡ್ಡ ವ್ಯಾಪಾರಿ ಇದ್ದ. 1859ರಲ್ಲಿ ಅವನ ಹೆಂಡತಿ ಕಾಯಿಲೆಯಿಂದ ತೀರಿಹೋದಳು. ಅವಳನ್ನು ಮನೆಯಲ್ಲೇ ನೋಡಿಕೊಂಡವಳು ಮೇರಿ ರಾಬಿನ್ಸನ್ ಎಂಬ ನರ್ಸ್. ಇಷ್ಟೆಲ್ಲ ದುಡ್ಡಿದ್ದ ತನ್ನ ಮನೆಗೇ ಒಬ್ಬ ನರ್ಸ್‌ನಿಂದ ಇಷ್ಟು ನೆಮ್ಮದಿ ಸಿಕ್ಕಿತು, ಏನೂ ಇಲ್ಲದವರ ಮನೆಯಲ್ಲಿ ರೋಗಿಗಳ ಗತಿ ಏನು ಅಂತ ರಾತ್‌ಬೋನ್ ಯೋಚಿಸಿದ. ಅದೇ ಮೇರಿಗೆ ಮೂರು ತಿಂಗಳ ಸಂಬಳ ಕೊಟ್ಟು ಬಡವರ ಕೇರಿಗೆ ಕಳಿಸಿದ.

ಒಂದು ತಿಂಗಳು ಆಗುವಷ್ಟರಲ್ಲಿ ಮೇರಿ ಅಳುತ್ತಾ ವಾಪಸ್ ಬಂದಳು. ಅಲ್ಲಿಯ ಸಂಕಟ ನೋಡಲು ಆಗುವುದಿಲ್ಲ, ನನ್ನನ್ನು ಬಿಟ್ಟುಬಿಡಿ ಅಂದಳು. ಇನ್ನೂ ಸ್ವಲ್ಪ ದಿನ ಇದ್ದು ನೋಡು ಅಂತ ಅವನು ಒಪ್ಪಿಸಿದ. ಮೂರು ತಿಂಗಳು ಮುಗಿದಾಗ ಅವಳ ಮಾತೇ ಬೇರೆ. ಈ ಕೆಲಸ ಬಿಡುವುದಿಲ್ಲ ಅಂದಳು. ಮೊದಲ ತಿಂಗಳಲ್ಲಿ ಕಣ್ಣಿಗೆ ಬೀಳುವುದು ಬರೀ ಕಷ್ಟ. ಮನೆಗಳ ಪರಿಚಯ ಆದ ಮೇಲೆ, ಹೇಳಿದ್ದನ್ನು ಜನ ಮಾಡತೊಡಗಿದ ಮೇಲೆ, ಕೆಲಸಕ್ಕೆ ಅರ್ಥ ಬರುತ್ತದೆ. ನಮ್ಮ ಗಡಿ ಪಂಚಾಯತ್‌ಗಳಲ್ಲಿ ಆಗುತ್ತಿರುವುದು ಏನು? ಕೇರಳದ ದಕ್ಷಿಣದ ಜಿಲ್ಲೆಗಳಿಂದ ಪೋಸ್ಟಿಂಗ್ ಆಗಿ ಬಂದವರಲ್ಲಿ ಎಷ್ಟೋ ಮಂದಿ ಊರಿನ ದಾರಿ ಗೊತ್ತಾಗುವ ಮೊದಲೇ ವರ್ಗಾವಣೆಗೆ ಅರ್ಜಿ ಹಾಕಿರುತ್ತಾರೆ. ಅವರನ್ನು ದೂರುವುದಿಲ್ಲ. ಗಂಡ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲ ಕೊಲ್ಲಂನಲ್ಲೋ ಕೋಟ್ಟಯಂನಲ್ಲೋ ಇರುತ್ತಾರೆ. ಆದರೆ ನಮಗೆ ಸಿಗುವುದು ಯಾವಾಗಲೂ ಮೊದಲ ತಿಂಗಳ ಮೇರಿ ಮಾತ್ರ.

ಕೆಲಸ ದೊಡ್ಡದಾದಾಗ ರಾತ್‌ಬೋನ್‌ಗೆ ತರಬೇತಿ ಪಡೆದ ನರ್ಸ್‌ಗಳು ಸಿಗಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಕೇಳಿದ. ನಿಮ್ಮ ಊರಲ್ಲೇ ತರಬೇತಿ ಶಾಲೆ ಮಾಡಿಕೊಳ್ಳಿ ಅಂತ ಅವರು ಸಲಹೆ ಕೊಟ್ಟರು. ಶಾಲೆ ಆಯಿತು. ಪಟ್ಟಣವನ್ನು 18 ಭಾಗ ಮಾಡಿ, ಭಾಗಕ್ಕೊಬ್ಬರಂತೆ ನರ್ಸ್‌ಗಳನ್ನು ಇಟ್ಟರು. ನಮ್ಮ ಸಬ್‌ಸೆಂಟರ್ ಏರಿಯಾದ ಮೂಲ ಹುಡುಕುತ್ತಾ ಹೋದರೆ ಅಲ್ಲಿಗೇ ತಲುಪುತ್ತೇವೆ.

ಅಮೆರಿಕದ ನ್ಯೂಯಾರ್ಕಿನಲ್ಲಿ ಲಿಲಿಯನ್ ವಾಲ್ಡ್ ಇದಕ್ಕೆ ಇನ್ನೊಂದು ವಿಷಯ ಸೇರಿಸಿದರು. 1893ರಲ್ಲಿ ವಲಸಿಗರ ಕೇರಿಯ ಹೆಂಗಸರಿಗೆ ಅವರು ಪಾಠ ಮಾಡುತ್ತಿದ್ದಾಗ ಒಂದು ಸಣ್ಣ ಹುಡುಗಿ ಬಂದು, ಹೆರಿಗೆಯಾಗಿ ಮಲಗಿದ್ದ ತಾಯಿಯ ಹತ್ತಿರ ಕರೆದುಕೊಂಡು ಹೋದಳು. ಆ ಮನೆ ನೋಡಿದ ಮೇಲೆ ವಾಲ್ಡ್ ತಮ್ಮ ಗೆಳತಿ ಮೇರಿ ಬ್ರೂಸ್ಟರ್ ಜೊತೆ ಅದೇ ಕೇರಿಗೆ ವಾಸ ಬದಲಿಸಿದರು. ನರ್ಸ್ ಇರಬೇಕಾದದ್ದು ರೋಗಿಗಳ ನೆರೆಯಲ್ಲಿ ಅನ್ನುವುದು ಅವರ ಪಟ್ಟು. ಪಬ್ಲಿಕ್ ಹೆಲ್ತ್ ನರ್ಸ್ ಅನ್ನುವ ಹೆಸರು ಕೊಟ್ಟದ್ದೂ ಅವರೇ. 1902ರಲ್ಲಿ ಅವರ ತಂಡದ ಲೀನಾ ರೋಜರ್ಸ್ ಶಾಲೆಗಳಿಗೆ ಹೋದರು. ಅಲ್ಲಿ ಕಜ್ಜಿ, ಹೇನು, ಕಣ್ಣಿನ ಸೋಂಕು ಇದ್ದ ಮಕ್ಕಳನ್ನು ಡಾಕ್ಟರುಗಳು ಸುಮ್ನೆ ಮನೆಗೆ ಅಟ್ಟುತ್ತಿದ್ದರು. ಅಟ್ಟಿದ ಮೇಲೆ ಮದ್ದು ಹಚ್ಚುವವರು ಯಾರು? ಲೀನಾ ಶಾಲೆಯಲ್ಲೇ ಮದ್ದು ಹಚ್ಚಿದರು, ಆಮೇಲೆ ಮನೆಗೆ ಹೋಗಿ ತಾಯಂದಿರಿಗೂ ಕಲಿಸಿದರು. ಮಕ್ಕಳು ಕ್ಲಾಸಿಗೆ ವಾಪಸ್ ಬಂದರು.

ನಮ್ಮ ದೇಶದಲ್ಲಿ ದೆಹಲಿಯ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ 1918ರಲ್ಲಿ ಶುರುವಾಯಿತು. ಮನೆಮನೆಗೆ ಹೋಗುವ ಹೆಲ್ತ್ ವಿಸಿಟರ್‌ಗಳಿಗೆ ಅಲ್ಲಿ ತರಬೇತಿ. ಆಮೇಲಿನ ದೊಡ್ಡ ಹೆಜ್ಜೆ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ಬ್ರಿಟಿಷ್ ಸರ್ಕಾರ ಮಾಡಿದ್ದ ಭೋರ್ ಸಮಿತಿಯದು. 1946ರಲ್ಲಿ ಅದರ ವರದಿ ಬಂದಾಗ ನಾವಿನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದವರು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಆಗ ಇದ್ದ ಹೆಲ್ತ್ ವಿಸಿಟರ್‌ಗಳು ಸುಮಾರು 750. ನಾಲ್ಕು ಲಕ್ಷ ಜನರಿಗೆ ಒಬ್ಬರು!

ಆ ವರದಿಯ ಒಂದು ಲೆಕ್ಕ ನೀವು ನೋಡಲೇಬೇಕು. 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಹೇಳಿ, ಅಲ್ಲಿ ಯಾರ್ಯಾರು ಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ಇಬ್ಬರು ಡಾಕ್ಟರು. ಒಬ್ಬ ನರ್ಸ್. ಪಬ್ಲಿಕ್ ಹೆಲ್ತ್ ನರ್ಸ್ ಮಾತ್ರ ನಾಲ್ವರು. ಜೊತೆಗೆ ನಾಲ್ವರು ಮಿಡ್‌ವೈಫ್, ತರಬೇತಾದ ನಾಲ್ವರು ಸೂಲಗಿತ್ತಿಯರು. ಡಾಕ್ಟರುಗಳಿಗಿಂತ ಎರಡು ಪಾಲು ಪಬ್ಲಿಕ್ ಹೆಲ್ತ್ ನರ್ಸ್‌ಗಳು. ಕಾಯಿಲೆ ತಡೆಯುವುದು ಮನೆಯ ಅಂಗಳದಲ್ಲಿ ಅಂತ ಅವರಿಗೆ ಅನುಮಾನ ಇರಲಿಲ್ಲ.

1952ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಶುರುವಾದವು. ಆದರೆ ಪಟ್ಟಿಯಲ್ಲಿದ್ದಷ್ಟು ಜನ ಸಿಗಲಿಲ್ಲ. ಕಡಿಮೆ ಅವಧಿಯ ತರಬೇತಿ ಪಡೆದ ಎಎನ್‌ಎಂಗಳೇ, ಅಂದರೆ ಸಹಾಯಕ ನರ್ಸ್-ಮಿಡ್‌ವೈಫ್‌ಗಳೇ, ಎಲ್ಲ ಹೊರಬೇಕಾಯಿತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಅವರನ್ನು ಬಹುವಿಧ ಕೆಲಸದ ಆರೋಗ್ಯ ಕಾರ್ಯಕರ್ತೆ ಮಾಡಿತು. ಹೆರಿಗೆ, ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ, ಎಲ್ಲ ಒಬ್ಬರ ಚೀಲಕ್ಕೆ. ಅದರಲ್ಲೂ ಕುಟುಂಬ ಯೋಜನೆಯ ಟಾರ್ಗೆಟ್ ಬೇರೆಲ್ಲವನ್ನೂ ನುಂಗಿಹಾಕಿತು. ತಿಂಗಳಿಗೆ ಇಷ್ಟು ಆಪರೇಷನ್ ಕೇಸ್ ತಾ ಅಂತ ಮೇಲಿನಿಂದ ಒತ್ತಡ ಬಂದರೆ, ಸಿಸ್ಟರ್ ಬರುವುದು ಕಂಡು ಹೆಂಗಸರು ತೋಟದ ಕಡೆ ಜಾರದೆ ಇನ್ನೇನು ಮಾಡುತ್ತಾರೆ? 1996ರಲ್ಲಿ ಕೇಂದ್ರ ಸರ್ಕಾರವೇ ಟಾರ್ಗೆಟ್ ತೆಗೆದುಹಾಕಿತು.

ಈಗ ಅದೇ ಟಾರ್ಗೆಟ್ ಮೊಬೈಲಿನಲ್ಲಿ ವಾಪಸ್ ಬಂದಿದೆ. ಗರ್ಭಿಣಿಯರ ವಿವರ ಒಂದು ಪೋರ್ಟಲಿಗೆ, ಲಸಿಕೆ ಇನ್ನೊಂದಕ್ಕೆ, 30 ದಾಟಿದವರ ಬಿಪಿ ಶುಗರ್ ವಿವರ ‘ಶೈಲಿ’ ಆ್ಯಪಿಗೆ. ಇದರಲ್ಲಿ ಒಂದಿಷ್ಟು ಬೇಕಾದದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಗುಡ್ಡದ ಮೇಲಿನ ಮನೆಯಲ್ಲಿ ರೇಂಜ್ ಇಲ್ಲ. ಅಲ್ಲಿ ಬರೆದುಕೊಂಡದ್ದನ್ನು ಸೆಂಟರಿಗೆ ಬಂದು ಮತ್ತೆ ಹಾಕಬೇಕು. ಸೆಂಟರಿಗೆ ಹೋದಾಗ ನಾನು ಕಾಣುವುದು ತಲೆ ಬಗ್ಗಿಸಿ ಟೈಪ್ ಮಾಡುವ ಸಿಸ್ಟರ್‌ನ್ನೇ. ಮನೆಗೆ ಬರುವುದು ಜಾಸ್ತಿ ಆಶಾ ಕಾರ್ಯಕರ್ತೆ. ಅವರು ನಮ್ಮ ನೆರೆಯವರು, ಊರಿನ ಮಾತು ಬಲ್ಲವರು. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದುಹೋದಾಗ ಮನೆಮನೆಯ ವಿಚಾರ ತೆಗೆದುಕೊಂಡದ್ದು ಅವರು ಮತ್ತು ಈ ಸಿಸ್ಟರ್‌ಗಳೇ. ಆದರೆ ಆಶಾ ಅಂದರೆ ನರ್ಸ್ ಅಲ್ಲ. ನರ್ಸ್ ಕೆಲಸ ಅವರ ತಲೆಗೆ ಕಟ್ಟಿ, ಕೊಡುವುದು ಮಾತ್ರ ಗೌರವಧನ. ಅದನ್ನು ಹೆಚ್ಚಿಸಿ ಅಂತ 2025ರಲ್ಲಿ ಅವರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಕೂರಬೇಕಾಯಿತು. ಅದು ಬೇರೆಯೇ ಪತ್ರಕ್ಕೆ ವಿಷಯ.

ಇನ್ನು ಭಾಷೆ. ಇದನ್ನು ಕನ್ನಡ-ಮಲಯಾಳ ಜಗಳ ಮಾಡಬೇಡಿ. ನಿಮ್ಮ ಕ್ಷೇತ್ರದ ಎಂಟು ಪಂಚಾಯತ್‌ಗಳು ಒಂದೇ ಥರ ಇಲ್ಲ. ಕುಂಬಳೆ, ಮಂಗಲ್ಪಾಡಿಯ ಕಡಲ ಬದಿಯಲ್ಲಿ ಮಲಯಾಳ ಬಲ್ಲ ಸಿಸ್ಟರ್‌ಗೆ ಅಷ್ಟು ಕಷ್ಟ ಇಲ್ಲ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯ ಒಳಗೆ ಹೋದರೆ ಮನೆಮಾತು ತುಳು, ಹವ್ಯಕ, ಮರಾಠಿ, ಕೊಂಕಣಿ ಅಂತ ಬದಲಾಗುತ್ತಾ ಹೋಗುತ್ತದೆ. ಇವರೆಲ್ಲ ಹೊರಗಿನವರ ಜೊತೆ ಆಡುವುದು ಕನ್ನಡ.

ನನ್ನ ಅಮ್ಮನಿಗೆ ಶುಗರ್ ಇದೆ. ಹೊಸದಾಗಿ ಬಂದ ಸಿಸ್ಟರ್ ಒಮ್ಮೆ ಮನೆಗೆ ಬಂದಿದ್ದರು, ಒಳ್ಳೆಯ ಹುಡುಗಿ. ಮಲಯಾಳದಲ್ಲಿ ನಿಧಾನಕ್ಕೆ, ತಾಳ್ಮೆಯಿಂದ ಎಲ್ಲ ಹೇಳಿದರು. ಅಮ್ಮ ಎಲ್ಲದಕ್ಕೂ ತಲೆ ಆಡಿಸಿದರು. ಅವರು ಮೆಟ್ಟಿಲು ಇಳಿದ ಮೇಲೆ ‘ಎಂತ ಹೇಳಿದ್ದು ಅವಳು?’ ಅಂತ ನನ್ನಲ್ಲಿ ಕೇಳಿದರು. ಹೆಬ್ಬೆರಳಿನ ಹತ್ತಿರ ಆಗಿದ್ದ ಗಾಯದ ವಿಷಯ ಬಾಯಿ ಬಿಡಲೇ ಇಲ್ಲ. ಶುಗರ್ ಇದ್ದವರ ಕಾಲಿನ ಗಾಯ ಎಷ್ಟು ದೂರ ಹೋಗಬಹುದು ಅಂತ ನಿಮಗೆ ಗೊತ್ತೇ ಇದೆ. ಆ ಭೇಟಿ ರಿಜಿಸ್ಟರಿನಲ್ಲಿ ಮನೆಭೇಟಿ ಅಂತಲೇ ಸೇರಿರುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೆ ಮಲಯಾಳ ಬರುತ್ತದಲ್ವಾ, ಅವರು ಹೇಳಿಕೊಡಬಹುದು ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ಹತ್ತು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ತಾಯಿ ಮುಟ್ಟಿನ ತೊಂದರೆ ಹೇಳಿಯಾಳು? ಗಂಡ ಕುಡಿದು ಬಂದು ಹೊಡೆಯುತ್ತಾನೆ ಅಂತ ಹೇಳಿಯಾಳಾ? ನೆರೆಮನೆಯವಳು ನಡುವೆ ನಿಂತರೂ ಅಷ್ಟೇ, ಸಂಜೆಗೆ ಸುದ್ದಿ ಊರಿಡೀ.

ಕಾಗದದ ಮಟ್ಟಿಗೆ ನಮಗೆ ಹಕ್ಕು ಇದೆ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಇಲ್ಲಿಯ ಭಾಷಾ ಅಲ್ಪಸಂಖ್ಯಾತರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲೇ ಕೊಟ್ಟಿದ್ದರು. ಸರ್ಕಾರಿ ನೇಮಕಾತಿ ಮಾಡುವ ಪಿಎಸ್‌ಸಿಯವರು ಕ್ಲರ್ಕ್ ಹುದ್ದೆಗೆ ‘ಕನ್ನಡ ಮತ್ತು ಮಲಯಾಳ ಬಲ್ಲವರು’ ಅಂತ ಬೇರೆಯೇ ಅರ್ಜಿ ಕರೆಯುತ್ತಾರೆ. ಕಡತ ನೋಡುವವರಿಗೆ ಕನ್ನಡ ಬೇಕಾದರೆ ಬಾಣಂತಿಯನ್ನು ನೋಡುವವರಿಗೆ ಬೇಡವೇ?

ಎಣ್ಮಕಜೆಯ ವಿಷಯ ಹೇಳದೆ ಈ ಪತ್ರ ಮುಗಿಸಲು ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಷನ್ ಕಾರ್ಪೊರೇಷನ್‌ನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಏನೋ ಸರಿಯಿಲ್ಲ ಅಂತ ಮೊದಲು ಗುರುತಿಸಿದವರು ಯಾರು? ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು ಕೈಕಾಲು ಸರಿಯಿಲ್ಲದ ಕರುಗಳು ಹುಟ್ಟುವುದನ್ನು ಆಗಲೇ ಬರೆದರು. ಆಮೇಲೆ ಪಡ್ರೆ ಕಡೆಯ ಒಬ್ಬ ಊರ ಡಾಕ್ಟರು ತಮ್ಮ ಹತ್ತಿರ ಬರುವ ಕಾಯಿಲೆಗಳು ಕೆಲವೇ ಮನೆಗಳ ಸುತ್ತ ಜಾಸ್ತಿ ಇರುವುದನ್ನು ಗಮನಿಸಿದರು. ಇಬ್ಬರೂ ಅಲ್ಲೇ ಇದ್ದವರು, ಮನೆಮನೆಯ ಪರಿಚಯ ಇದ್ದವರು. ಬರೀ ಅಂಕಿಗಳನ್ನು ಮೇಲೆ ಕಳಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ. ಈ ಮನೆಯಲ್ಲೂ ಒಂದು ಮಗು, ಕೆಳಗಿನ ಮನೆಯಲ್ಲೂ ಒಂದು ಮಗು ಅಂತ ಲೆಕ್ಕ ಕೂಡಿಸುವುದಕ್ಕೆ ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆದಿರಬೇಕು. ಆ ಮನೆಗಳಲ್ಲಿ ಇವತ್ತೂ ಹಾಸಿಗೆ ಬಿಟ್ಟು ಏಳಲಾಗದವರಿದ್ದಾರೆ. 2008ರಲ್ಲಿ ಕೇರಳ ಪಾಲಿಯೇಟಿವ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೀತಿ ತಂದು, ಮನೆಗೇ ಹೋಗಿ ನೋಡಿಕೊಳ್ಳುವ ವ್ಯವಸ್ಥೆಯನ್ನು ಪಂಚಾಯತ್‌ಗಳ ಕೈಗೆ ಕೊಟ್ಟದ್ದು ನಿಜಕ್ಕೂ ಒಳ್ಳೆಯ ಕೆಲಸ. ಮನೆಗೆ ಬರುವ ನರ್ಸ್‌ನಿಂದ ಏನಾಗುತ್ತದೆ ಅಂತ ನೋಡಬೇಕಾದರೆ ಒಂದು ದಿನ ಪಾಲಿಯೇಟಿವ್ ಸಿಸ್ಟರ್ ಜೊತೆ ಜೀಪ್ ಹತ್ತಿ. ಹಾಸಿಗೆ ಹಿಡಿದ ಮೇಲೆ ಬರುವ ನರ್ಸ್ ಅದಕ್ಕೂ ಮೊದಲೇ ಯಾಕೆ ಬರಬಾರದು?

ನೀವು ಮಾಡಬಹುದಾದದ್ದು ಇಷ್ಟು. ವಿಧಾನಸಭೆಯ ಮುಂದಿನ ಅಧಿವೇಶನದಲ್ಲಿ ಆರೋಗ್ಯ ಸಚಿವರಲ್ಲಿ ಒಂದು ಪ್ರಶ್ನೆ ಕೇಳಿ. ಮಂಜೇಶ್ವರ ಕ್ಷೇತ್ರದಲ್ಲಿ ಎಷ್ಟು ಜೆಪಿಎಚ್‌ಎನ್ ಹುದ್ದೆ ಇದೆ, ಎಷ್ಟು ಖಾಲಿ, ಬಂದವರು ಸರಾಸರಿ ಎಷ್ಟು ತಿಂಗಳು ನಿಲ್ಲುತ್ತಾರೆ, ಅವರಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ? ಬಯಲಿಗೆ 5,000 ಜನರಿಗೊಂದು, ಗುಡ್ಡಗಾಡಿಗೆ 3,000 ಜನರಿಗೊಂದು ಸಬ್‌ಸೆಂಟರ್ ಅನ್ನುವುದು ದೇಶದ ಲೆಕ್ಕ. ನಮ್ಮ ಒಳಪ್ರದೇಶಗಳನ್ನು ಇಲಾಖೆ ಯಾವುದಕ್ಕೆ ಸೇರಿಸಿದೆ ಅನ್ನುವುದನ್ನೂ ಕೇಳಿ.

ಆಮೇಲೆ, ಇಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯರಿಗೆ ಈ ತರಬೇತಿಯಲ್ಲಿ ಒಂದಿಷ್ಟು ಸೀಟು, ನೇಮಕಾತಿಯಲ್ಲಿ ಕ್ಲರ್ಕ್ ಹುದ್ದೆಗೆ ಇರುವಂಥದ್ದೇ ದಾರಿ ಕೇಳಿ. ನೈಟಿಂಗೇಲ್ ಲಿವರ್‌ಪೂಲ್‌ಗೆ ಕೊಟ್ಟ ಸಲಹೆಯೂ ಇದೇ ಆಗಿತ್ತು. ಅದು ಆಗುವವರೆಗೆ, ಹೊರಗಿನಿಂದ ಬರುವ ಸಿಸ್ಟರ್‌ಗಳಿಗೆ ಮಾತಾಡುವ ಕನ್ನಡ ಕಲಿಸುವ ವ್ಯವಸ್ಥೆ ಆಗಲಿ, ಉಳಿಯಲು ಸರಿಯಾದ ಕ್ವಾರ್ಟರ್ಸ್ ಸಿಗಲಿ. ಸೋರುವ ಮಾಡಿನ ಕೆಳಗೆ ಯಾರೂ ನಿಲ್ಲುವುದಿಲ್ಲ. ಡೇಟಾ ಎಂಟ್ರಿಗೆ ಪಂಚಾಯತ್‌ಗೆ ಒಬ್ಬರನ್ನಾದರೂ ಬೇರೆಯೇ ಕೊಡಲಿ. ವಾರದಲ್ಲಿ ಇಂತಿಂಥ ದಿನ ಮನೆಭೇಟಿ ಅಂತ ನಿಗದಿ ಮಾಡಿ, ಆ ದಿನಗಳಲ್ಲಿ ಯಾವ ಮೀಟಿಂಗಿಗೂ ಕರೆಯಬಾರದು.

ಈ ಕ್ಷೇತ್ರದಿಂದ ಗೆದ್ದವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗೆಲ್ಲ ನಾವು ಟಿವಿ ಎದುರು ಕೂತು ಖುಷಿಪಟ್ಟಿದ್ದೇವೆ. ಈ ಪ್ರಶ್ನೆಯನ್ನೂ ಅಲ್ಲಿ ಎತ್ತಿ. ಉತ್ತರ ಬಂದ ಮೇಲೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಎಂಟೂ ಪಂಚಾಯತ್‌ಗಳ ಗ್ರಾಮಸಭೆಗೆ ಕಳಿಸಿ. ಖಾಲಿ ಹುದ್ದೆ ಎಷ್ಟು ಅಂತ ನಾವೂ ನೋಡುತ್ತೇವೆ.

ಇತಿ,
ಪೈವಳಿಕೆಯ ಒಬ್ಬ ಮತದಾರ