ಕ್ಯಾಸೆಟ್ ಅಂಗಡಿಯ ಅಪ್ಪನಿಗೆ

ಕಿಂಗ್‌ಸ್ಟನ್ ಅಪಾನ್ ಥೇಮ್ಸ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮ. ನಿಮ್ಮ ಮತ್ತು ಅಮ್ಮನ ಕ್ಷೇಮಕ್ಕೆ ಬರೆಯಿರಿ.

ನಮ್ಮ ಅಂಗಡಿಯ ಬಾಗಿಲೆಳೆದ ದಿನ ನೀವು, "ಇನ್ನು ಹಾಡು ಮಾರಲು ಅಂಗಡಿ ಬೇಕಿಲ್ಲ" ಎಂದಿದ್ದಿರಿ. ಇಲ್ಲಿನ ಬ್ಯಾಂಕ್ವೆಟ್ ರೆಕಾರ್ಡ್ಸ್ ಎಂಬ ಪುಟ್ಟ ಅಂಗಡಿಗೆ ಹೋದಾಗ ಆ ಮಾತು ನೆನಪಾಯಿತು. ಆಲ್ಬಂ ಬಿಡುಗಡೆಯ ಸಮಯದಲ್ಲಿ ಇವರು ಕಲಾವಿದರನ್ನು ಕರೆಸಿ ಊರಿನಲ್ಲೇ ಕಾರ್ಯಕ್ರಮ ಏರ್ಪಡಿಸುತ್ತಾರೆ, ಆಲ್ಬಂ ಜೊತೆಗೇ ಟಿಕೆಟ್ಟನ್ನೂ ಮಾರುತ್ತಾರೆ.

ಇದರ ಮಹತ್ವ ತಿಳಿಯಬೇಕಾದರೆ, ಯಾವ ಆಲ್ಬಂ ಹೆಚ್ಚು ಮಾರಾಟವಾಯಿತೆಂದು ಹೇಳುವ ಇಲ್ಲಿನ ವಾರದ ಪಟ್ಟಿಯ ಲೆಕ್ಕ ಗೊತ್ತಿರಬೇಕು. ಚಂದಾ ಕಟ್ಟಿ ಮೊಬೈಲಿನಲ್ಲಿ ಕೇಳುವವರು ಒಂದು ಆಲ್ಬಮ್ಮಿನ ಹಾಡುಗಳನ್ನು ಒಟ್ಟು 1000 ಸಲ ಕೇಳಿದರೆ ಒಂದು ಆಲ್ಬಂ ಮಾರಾಟವಾದಂತೆ; ಅಂಗಡಿಯಲ್ಲಿ ಒಬ್ಬರು ಆ ಆಲ್ಬಮ್ಮಿನ ಒಂದು ಎಲ್‌ಪಿ ತಟ್ಟೆ ಕೊಂಡರೂ ಅದು ಒಂದು ಮಾರಾಟವೇ. ಅಂದರೆ ಸಾಲಿನಲ್ಲಿ ನಿಂತ 300 ಜನ ಮೂರು ಲಕ್ಷ ಸಲದ ಕೇಳುವಿಕೆಗೆ ಸಮ! ಮುಂಗಡ ಕಾಯ್ದಿರಿಸಿದ ಪ್ರತಿಗಳೂ ಮೊದಲ ವಾರದ ಲೆಕ್ಕಕ್ಕೇ ಬೀಳುವುದರಿಂದ, ಹೆಚ್ಚು ಹೆಸರಿಲ್ಲದ ತಂಡವೂ ಮೇಲಕ್ಕೇರಿ, ಮರುವಾರ ದಡಕ್ಕನೆ ಜಾರುವುದುಂಟು. ಇದನ್ನು ಕೆಲವರು ಮೋಸವೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಕೈಯಿಂದ ಕಾಸು ಬಿಚ್ಚಿ ಕೊಂಡವರನ್ನು ಎಣಿಸುವುದರಲ್ಲಿ ತಪ್ಪೇನಿದೆ?

ನಿಜವಾದ ಮೋಸ ನಡೆದದ್ದು ಹಿಂದೆ. 1952ರಲ್ಲಿ ಇಲ್ಲಿನ ಒಂದು ಸಂಗೀತ ಪತ್ರಿಕೆಯವರು ಸುಮಾರು 20 ಅಂಗಡಿಗಳಿಗೆ ಫೋನು ಮಾಡಿ, ಯಾವುದು ಓಡುತ್ತಿದೆ ಎಂದು ಕೇಳಿ ಮೊದಲ ಪಟ್ಟಿ ಮಾಡಿದರು. 1969ರಿಂದ ಸುಮಾರು 300 ಅಂಗಡಿಗಳು ಮಾರಾಟವನ್ನು ಪುಸ್ತಕದಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದವು. ಲೆಕ್ಕ ಕೊಡುವ ಅಂಗಡಿಗಳು ಯಾವುವೆಂಬ ಸುಳಿವು ಹಿಡಿದ ರೆಕಾರ್ಡ್ ಕಂಪನಿಗಳ ಪ್ರತಿನಿಧಿಗಳು, ತಮ್ಮ ಹಾಡು ಪಟ್ಟಿಯಲ್ಲಿ ಮೇಲೇರಲೆಂದು ಅಲ್ಲಿಗೇ ಬಿಟ್ಟಿ ರೆಕಾರ್ಡು ಹೊತ್ತು ಹೋಗುತ್ತಿದ್ದರಂತೆ. ಹತ್ತು ಕ್ಯಾಸೆಟ್ಟಿಗೆ ಎರಡು ಬಿಟ್ಟಿ ಕೊಟ್ಟು, "ದಿನವಿಡೀ ಇದನ್ನೇ ಹಾಕಿ ಸ್ವಾಮಿ" ಎನ್ನುತ್ತಿದ್ದ ಆ ಬೆಂಗಳೂರಿನ ಕಂಪನಿಯವರು ನೆನಪಾದರು. ನೀವು ಕ್ಯಾಸೆಟ್ಟು ಇಟ್ಟುಕೊಂಡು ನಿಮಗಿಷ್ಟವಾದದ್ದನ್ನೇ ಹಾಕುತ್ತಿದ್ದಿರಿ. 1983ರಲ್ಲಿ ಇಲ್ಲಿನ ಅಂಗಡಿಗಳಿಗೆ ಲೆಕ್ಕದ ಯಂತ್ರ ಬಂದರೂ ಆ ಚಾಳಿ ಪೂರ್ತಿ ನಿಲ್ಲಲಿಲ್ಲ.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನೀವಿಡುತ್ತಿದ್ದ ಕೆಂಪು ರಟ್ಟಿನ ಪುಸ್ತಕ ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಯುಗಾದಿಗೆ ಬಂದಾಗ ನೋಡಬೇಕು.

ಇಂತಿ ನಿಮ್ಮ ಮಗಳು