ಹೊಸ ಕಾರಿಗೆ ಯಾವ ಕೋಟಿಂಗ್ ಅಂತ ಕೇಳೋ ಮೊದ್ಲು ನಮ್ಮ ಉಪ್ಪುಗಾಳಿ ನೆನಪಿರ್ಲಿ

ಸಂಪಾದಕರಿಗೆ ನಮಸ್ಕಾರ,

ನಾನು ಕಾರವಾರ ಕೋಡಿಬಾಗದವ. ನಿಮ್ಮ ಪೇಪರ್ ಇಪ್ಪತ್ತು ವರ್ಷದಿಂದ ಮನೇಗೆ ಬರ್ತದೆ, ಪತ್ರ ಬರೀತಿರೋದು ಇದೇ ಮೊದಲು. ಚೌತಿ ಹಿಂದಿನ ವಾರ ನಮ್ಮನೇಗೆ ಹೊಸ ಕಾರು ಬಂತು, ನಾನೂ ನನ್ನ ಹೆಂಡತೀನೂ ಆರು ವರ್ಷ ಕೂಡಿಟ್ಟ ದುಡ್ಡು, ಉಳಿದದ್ದು ಬ್ಯಾಂಕ್ ಸಾಲ. ಡೆಲಿವರಿ ದಿನ ಶೋರೂಮಲ್ಲಿ ಆಗಿದ್ದು, ಆಮೇಲೆ ನಾವು ಎರಡು ವಾರ ವಿಚಾರಿಸಿ ತಿಳ್ಕೊಂಡಿದ್ದು, ಎರಡನ್ನೂ ಬರೀಬೇಕು ಅನ್ನಿಸ್ತು ಯಾಕಂದ್ರೆ ದಸರಾಕ್ಕೆ ನಮ್ಮ ಜಿಲ್ಲೇಲಿ ಇನ್ನೂ ಎಷ್ಟೋ ಮನೆಗೆ ಕಾರು ಬರ್ತದೆ, ಪೇಂಟ್ ಉಳೀಲಿಕ್ಕೆ ಯಾವ ಕೋಟಿಂಗ್ ಹಾಕ್ಸೋದು ಅನ್ನೋ ಪ್ರಶ್ನೆ ಅವ್ರೆಲ್ಲರ ಮುಂದೂ ಬರ್ತದೆ.

ಪೂಜೆ ಆಯ್ತು, ಚಕ್ರದಡಿಗೆ ನಿಂಬೆಹಣ್ಣು ಇಟ್ಟಾಯ್ತು, ಕೀ ಕೈಗೆ ಬರೋ ಮೊದ್ಲು ಒಬ್ಬ ಹುಡುಗ ಕೋಟಿಂಗ್ ರೇಟಿನ ಲ್ಯಾಮಿನೇಟ್ ಮಾಡಿದ ಹಾಳೆ ತಂದು ಮುಂದಿಟ್ಟ. ಟೆಫ್ಲಾನ್ 6,500, ಸೆರಾಮಿಕ್ 28,000, ಪಿಪಿಎಫ್ (ಪೇಂಟ್ ಮೇಲೆ ಅಂಟಿಸೋ ಫಿಲ್ಮ್) ಫುಲ್ ಬಾಡಿ 95,000. ಇವತ್ತೇ ಹೇಳಿದ್ರೆ ಈ ರೇಟು ಸರ್, ನಾಳೆ ಬಂದ್ರೆ ಸಿಗೋದಿಲ್ಲ ಅಂದ. ನನ್ನ ಹೆಂಡತಿ ಕೇಳಿದ್ಲು, "ತಮ್ಮಾ, ಟಿಪ್ಪರಿಂದ ಜಲ್ಲಿ ಹಾರಿ ಬಡಿದ್ರೆ ಈ ಸೆರಾಮಿಕ್ ತಡೀತದಾ? ಅಡಿಗೆ ತುಕ್ಕು ಹಿಡೀದ ಹಾಗೆ ಏನ್ ಮಾಡ್ತೀರಿ?" ಅವ ಹೇಳಿದ್ದು, "ಮೇಡಂ ಇದು 9ಎಚ್ ಹಾರ್ಡ್‌ನೆಸ್." ಇವಳು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಹುಡುಗನನ್ನ ನಾನು ಬಯ್ಯೋದಿಲ್ಲ, ಅವನಿಗೂ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರ್ತದೆ. ಆದ್ರೆ ಹಬ್ಬದ ಖುಷೀಲಿ, ಮಕ್ಕಳು ಯಾವಾಗ ಹತ್ತೋದು ಅಂತ ಕುಣೀತಿರೋವಾಗ, ಹತ್ತು ನಿಮಿಷದಲ್ಲಿ 28 ಸಾವಿರಕ್ಕೆ ಹೂಂ ಅನ್ನಿಸ್ಕೊಳ್ಳೋದು ಸರಿಯಲ್ಲ. ನಾವು ಆಮೇಲೆ ಹೇಳ್ತೇವೆ ಅಂತ ಕಾರು ತಗೊಂಡು ಮನೇಗೆ ಬಂದ್ವಿ.

ಇವಳು ತುಕ್ಕಿನ ಮಾತು ಎತ್ತಿದ್ದಕ್ಕೆ ಕಾರಣ ಇದೆ. ಅಪ್ಪನ ಹಳೆ ಕಾರು ಹನ್ನೊಂದು ವರ್ಷ ನಮ್ಮನೇಲಿತ್ತು. ಅಪ್ಪ ಪ್ರತಿ ಭಾನುವಾರ ಪಾಲಿಶ್ ಹಚ್ಚಿ ತಿಕ್ಕೋರು, ಮೇಲಿಂದ ನೋಡಿದ್ರೆ ಮುಖ ಕಾಣೋ ಹಾಗೆ ಹೊಳೀತಿತ್ತು. ಒಂದಿನ ಎಡಗಡೆ ಹಿಂದಿನ ಬಾಗಿಲಿನ ಕೆಳಗಿನ ಅಂಚಲ್ಲಿ, ಪೇಂಟಿನ ಅಡಿಗೆ ಹೆಸರುಕಾಳಿನಷ್ಟು ಒಂದು ಗುಳ್ಳೆ ಎದ್ದಿದ್ದು ಕಣ್ಣಿಗೆ ಬಿತ್ತು. ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದೆ, ಹಪ್ಪಳ ಮುರಿದ ಹಾಗೆ ಚಟ್ ಅಂತ ಬೆರಳು ಒಳಗೇ ಹೋಯ್ತು. ಒಳಗೆ ನೋಡಿದ್ರೆ ಕಪ್ಪು ಕೆಸರು, ಮರಳು, ಕೊಳೆತ ಎಲೆ ಚೂರು, ತಗಡು ಅನ್ನೋದು ಪದರ ಪದರ ಎದ್ದು ಕೆಂಪು ಪುಡಿ ಆಗಿತ್ತು. ಮಳೆನೀರು ಹರಿದು ಹೋಗ್ಲಿ ಅಂತ ಬಾಗಿಲಿನ ಅಡಿಗೆ ಕಂಪನಿಯವ್ರೇ ಸಣ್ಣ ತೂತು ಬಿಟ್ಟಿರ್ತಾರೆ, ಅದು ಕಟ್ಟಿಹೋಗಿತ್ತು. ಅಷ್ಟು ವರ್ಷದಲ್ಲಿ ಯಾವ ಸರ್ವಿಸಲ್ಲೂ ಯಾರೂ ಅದನ್ನ ತೋರ್ಸಿರ್ಲಿಲ್ಲ. ಅಪ್ಪ ಆ ಬಾಗಿಲು ಮುಟ್ಟಿ ಮುಟ್ಟಿ ನೋಡಿ ಸುಮ್ನೆ ಒಳಗೆ ಹೋದ್ರು, ಅದು ನನಗೆ ಇವತ್ತಿಗೂ ಮರೆತಿಲ್ಲ.

ಬೆಂಗಳೂರಲ್ಲಿ ಕಾರು ನೋಡ್ಕೊಳ್ಳೋದೇ ಬೇರೆ, ಕಾರವಾರದಲ್ಲಿ ನೋಡ್ಕೊಳ್ಳೋದೇ ಬೇರೆ. ಜೂನ್ ಬಂತಂದ್ರೆ ಅಡುಗೆಮನೆ ಭರಣೀಲಿರೋ ಸಾಣಿಕಟ್ಟಾ ಉಪ್ಪು ತಾನೇ ನೀರು ಬಿಡ್ತದಲ್ಲ, ಕಾರಿನ ಮೇಲೂ ಅದೇ ಆಗೋದು. ಗಾಳೀಲಿ ತೇವ ಸುಮಾರು ಶೇಕಡಾ 75 ದಾಟಿದ್ರೆ ಉಪ್ಪು ಗಾಳಿಯಿಂದಲೇ ನೀರು ಎಳ್ಕೊಂಡು ಕರಗ್ತದೆ, ನಮ್ಮ ಕರಾವಳೀಲಿ ರಾತ್ರಿ ಹೊತ್ತು ಅಷ್ಟು ತೇವ ಇಲ್ಲದ ದಿನ ಕಮ್ಮಿ. ಅಂದ್ರೆ ಕಾರು ಒಣಗಿದೆ ಅಂತ ನಾವಂದ್ಕೋತೇವೆ, ಆದ್ರೆ ಮೂಲೆ ಸಂದೀಲಿ ಕೂತ ಉಪ್ಪು ತಗಡನ್ನ ಒದ್ದೆಯಾಗೇ ಇಟ್ಟಿರ್ತದೆ, ಆ ಉಪ್ಪುನೀರಲ್ಲಿ ಕಬ್ಬಿಣ ಬೇಗ ತಿನ್ನಿಸ್ಕೊಳ್ತದೆ. ಕಾರವಾರದಲ್ಲಿ ಹೈವೇ 66 ಬೀಚಿಗೆ ತಾಗಿಯೇ ಹೋಗ್ತದೆ, ಮಳೆಗಾಲದಲ್ಲಿ ಅಲೆ ಎದ್ದಾಗ ಸಂಜೆ ಒಂದು ಸುತ್ತು ಹೋಗಿ ಬಂದು ಗ್ಲಾಸಿಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿ ನೋಡಿ, ಉಪ್ಪು ಗೊತ್ತಾಗ್ತದೆ.

ಈಗ ಪೇಂಟಿನ ವಿಷಯ. ಕಾರಿನ ತಗಡಿನ ಮೇಲೆ ಮೊದ್ಲು ತುಕ್ಕು ತಡೆಯೋ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಅಂತ ಗಾಜಿನ ಹಾಗಿರೋ ಪದರ. ಎಲ್ಲಾ ಸೇರಿದ್ರೂ ಸುಮಾರು 100ರಿಂದ 130 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಅದ್ರಲ್ಲಿ ಕ್ಲಿಯರ್ ಕೋಟ್ 40ರ ಆಸುಪಾಸು, ನಮ್ಮ ತಲೆಕೂದಲಿಗಿಂತ ತೆಳು. ಹೊಳಪು ಅಂತ ನಾವು ಹೇಳೋದು ಇದನ್ನೇ. ಮೆಷಿನ್ ಹಿಡಿದು ಕಾಂಪೌಂಡ್ ಅನ್ನೋ ತಿಕ್ಕೋ ಪೇಸ್ಟ್ ಹಾಕಿ ತಿಕ್ಕಿದಷ್ಟು ಸಲ ಇದು ಸವೀತದೆ, ಸವೆದದ್ದು ಮತ್ತೆ ಬರೋದಿಲ್ಲ. ಸೆರಾಮಿಕ್ ಹಾಕೋ ಮೊದ್ಲು ಪೇಂಟ್ ಕರೆಕ್ಷನ್ ಅಂತ ಮಾಡ್ತಾರಲ್ಲ ಅದು ಇದೇ, ನಿನ್ನೆ ಬಂದ ಕಾರಿಗೆ ಜೋರಾಗಿ ತಿಕ್ಕೋದು ಯಾಕೆ ಅಂತ ಕೇಳಿ, ಪೇಂಟ್ ದಪ್ಪ ಅಳೆಯೋ ಮೀಟರ್ ಇದ್ರೆ ಮೊದ್ಲೂ ಆಮೇಲೂ ಅಳೆದು ತೋರ್ಸಿ ಅನ್ನಿ.

ಟೆಫ್ಲಾನ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ದೋಸೆ ಕಾವಲಿಗೆ ಟೆಫ್ಲಾನ್ ಹಿಡಿಸ್ಬೇಕಂದ್ರೆ 300 ಡಿಗ್ರಿಗೂ ಮೇಲೆ ಕಾಯಿಸ್ಬೇಕು, ಕಾರನ್ನ ಹಾಗೆ ಕಾಯಿಸಿದ್ರೆ ಪೇಂಟೇ ಉಳಿಯೋದಿಲ್ಲ. ಹಾಗಾಗಿ ಕಾರಿಗೆ ಹಚ್ಚೋದು ಒಂದು ಪಾಲಿಶ್ ಅಷ್ಟೇ, ಕೆಲವು ತಿಂಗಳ ಹೊಳಪು.

ಸೆರಾಮಿಕ್ ಸುಳ್ಳಲ್ಲ. ಸರಿಯಾಗಿ ಹಾಕಿದ್ರೆ ನೀರು ಕೆಸುವಿನೆಲೆ ಮೇಲಿನ ಹಾಗೆ ಉರುಳಿ ಹೋಗ್ತದೆ, ತೊಳೆಯೋದು ಸುಲಭ, ಕಾಗೆ ಹಿಕ್ಕೆ, ಮಾವಿನ ಸೊನೆ ಬಿದ್ರೆ ಒರೆಸ್ಲಿಕ್ಕೆ ಸ್ವಲ್ಪ ಟೈಮ್ ಸಿಗ್ತದೆ. ಆದ್ರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ, ಕಲ್ಲು ಬಡಿದ್ರೆ ತಡೆಯೋ ಶಕ್ತಿ ಎಲ್ಲಿಂದ ಬರ್ಬೇಕು? ಇನ್ನು ಆ 9ಎಚ್ ಅನ್ನೋದು ಪೆನ್ಸಿಲ್ಲಿನ ಲೆಕ್ಕ. ಎಚ್‌ಬಿ, 2ಎಚ್ ಅಂತ ಶಾಲೇಲಿ ಡ್ರಾಯಿಂಗಿಗೆ ತಗೋತಿದ್ವಲ್ಲ, ಅದ್ರಲ್ಲೇ ಗಟ್ಟಿ ಪೆನ್ಸಿಲ್ಲಿಂದ ಗೀಚಿದ್ರೆ ಗೆರೆ ಬೀಳೋದಿಲ್ಲ ಅಂತ ಅರ್ಥ. ನಮ್ಮ ಬೀಚಿನ ಮರಳು ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ, ಮರಳು ಕೂತ ಕಾರನ್ನ ಒಣಬಟ್ಟೇಲಿ ಒರೆಸಿದ್ರೆ ಸೆರಾಮಿಕ್ ಇದ್ರೂ ಗೀರು ಬೀಳ್ತದೆ. ಮತ್ತೆ ಅದು ಹಚ್ಚಿದ ಮೇಲೆ ಒಂದು ದಿನ ನೀರೇ ತಾಗ್ಬಾರ್ದು, ಒಂದು ವಾರ ತೊಳೀಬಾರ್ದು ಅಂತಾರೆ, ಜುಲೈ ತಿಂಗಳಲ್ಲಿ ಶೋರೂಮಿಂದ ಹೊರಗೆ ತಂದ್ರೆ ಮನೆ ಮುಟ್ಟೋದ್ರೊಳಗೆ ಮಳೆ. ಐದು ವರ್ಷ ವಾರಂಟಿ ಅಂತಾರಲ್ಲ, ಅದರ ಹಿಂದಿನ ಸಣ್ಣ ಅಕ್ಷರ ಓದ್ಬೇಕು. ನಮಗೆ ತೋರ್ಸಿದ ಕಾರ್ಡಲ್ಲಿ ಆರು ತಿಂಗಳಿಗೊಮ್ಮೆ ಅವ್ರಲ್ಲೇ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡಿಸ್ಬೇಕಿತ್ತು, ಒಂದು ತಪ್ಪಿದ್ರೂ ವಾರಂಟಿ ಇಲ್ಲ.

ಕಲ್ಲಿಗೆ ನಿಜವಾಗಿ ಅಡ್ಡ ನಿಲ್ಲೋದು ಪಿಪಿಎಫ್, ಅಂದ್ರೆ ಪಾರದರ್ಶಕ ಫಿಲ್ಮ್. 150ರಿಂದ 200 ಮೈಕ್ರಾನ್ ದಪ್ಪ, ಪೇಂಟಿಗಿಂತಲೂ ಜಾಸ್ತಿ. ಇದ್ರಲ್ಲೂ ಎರಡು ತರ, ಟಿಪಿಯು ಅನ್ನೋ ಪ್ಲಾಸ್ಟಿಕ್ಕಿಂದು ಒಳ್ಳೇದು, ಸಣ್ಣ ಗೀರು ಬಿದ್ರೆ ಬಿಸಿಲಿಗೆ ತಾನೇ ಮಾಯ್ತದೆ, ಪಿವಿಸಿದು ಅಗ್ಗ ಆದ್ರೆ ಕೆಲವೇ ವರ್ಷಕ್ಕೆ ಹಳದಿ ತಿರುಗ್ತದೆ. ಹಾಳೇಲಿ ಬರೀ ಪಿಪಿಎಫ್ ಅಂತ ಬರೆದಿರ್ತಾರೆ, ಯಾವ್ದು ಅಂತ ನಾವೇ ಬಾಯಿಬಿಟ್ಟು ಕೇಳ್ಬೇಕು. ಇಡೀ ಕಾರಿಗೆ ಹಾಕ್ಸೋ ಅಗತ್ಯ ನನಗೆ ಕಾಣ್ಲಿಲ್ಲ. ಕಲ್ಲು ಬಡಿಯೋದು ಮುಂದಿನ ಬಂಪರಿಗೆ, ಬಾನೆಟ್ಟಿನ ಮುಂದಿನ ಅಂಚಿಗೆ, ಕನ್ನಡಿಗೆ, ಚಕ್ರದ ಹಿಂದಿನ ಭಾಗಕ್ಕೆ.

ಕಾರು ಬಂದ ನಾಲ್ಕನೇ ದಿನಕ್ಕೇ ನಮಗೆ ಅದು ಗೊತ್ತಾಯ್ತು. ಅಂಕೋಲಾ ಹತ್ರ ಮುಂದಿದ್ದ ಟಿಪ್ಪರಿಗೆ ತಾಡಪಾಲ್ ಇರ್ಲಿಲ್ಲ, ಟಕ್ ಅಂತ ಸದ್ದು. ಇಳಿದು ನೋಡಿದ್ರೆ ಬಾನೆಟ್ ಮೇಲೆ ಸಾಸಿವೆಕಾಳಿನಷ್ಟು ಪೇಂಟ್ ಎದ್ದು, ನಡುವೆ ತಗಡು ಬೆಳ್ಳಗೆ ಮಿನುಗ್ತಿತ್ತು. ಇನ್ನೊಂದೂರಲ್ಲಾದ್ರೆ ಆಮೇಲೆ ನೋಡುವ ಅನ್ನಬಹುದು, ನಮ್ಮಲ್ಲಿ ಅದಕ್ಕೆ ಕೆಲವೇ ದಿನದಲ್ಲಿ ಕಂದು ಉಂಗುರ ಕಟ್ತದೆ. ಕಾರಿನ ಸ್ಟಿಕರ್ ಮೇಲೆ ಪೇಂಟ್ ಕೋಡ್ ಇರ್ತದೆ, ಆ ಕೋಡ್ ಹೇಳಿದ್ರೆ ಉಗುರುಬಣ್ಣದ ಶೀಶೆಯಂಥ ಟಚ್‌ಅಪ್ ಬಾಟ್ಲಿ ಸಿಗ್ತದೆ. ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕಡ್ಡಿ ತುದೀಲಿ ಒಂದು ಹನಿ ಇಟ್ಟೆ, ಒಣಗಿದ ಮೇಲೆ ಮತ್ತೊಂದು ಹನಿ. ಹತ್ರ ಹೋದ್ರೆ ಗುರ್ತು ಕಾಣ್ತದೆ, ಆದ್ರೆ ತಗಡು ಮುಚ್ಚಿತು, ನನಗೆ ಬೇಕಾಗಿದ್ದು ಅದೇ.

ಸಿಹಿನೀರು ಅಂದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಸಮುದ್ರದ ಬದಿ ಮನೆಗಳಲ್ಲಿ ಏಪ್ರಿಲ್ ಮೇಗೆ ಎಷ್ಟೋ ಬಾವಿ ಸವುಳಾಗ್ತದೆ, ಅದೇ ನೀರಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ರೆ ನೀರು ಆರ್ತದೆ ಉಪ್ಪು ಕೂತ್ಕೊಳ್ತದೆ, ತೊಳೆದೂ ಉಪ್ಪು ಬಳಿದ ಹಾಗೆ. ಮಳೆಗಾಲದಲ್ಲಿ ಮಾಡಿನ ನೀರು ಡ್ರಮ್ಮಿಗೆ ಹಿಡಿದಿಟ್ರೆ ಅದಕ್ಕಿಂತ ಒಳ್ಳೆ ನೀರಿಲ್ಲ, ಬೇಸಿಗೇಲಿ ನಳ್ಳಿ ನೀರು ಎರಡು ಬಕೆಟ್ ಸಾಕು. ಮೊದ್ಲು ಬರೀ ನೀರು ಸುರಿದು ಮರಳು ಇಳಿಸ್ಬೇಕು, ಆಮೇಲೆ ಕಾರ್ ಶಾಂಪೂ, ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ, ಅದು ಪೇಂಟ್ ಮೇಲೆ ಹಚ್ಚಿದ ಮೇಣವನ್ನೂ ಕಿತ್ತು ತೆಗೀತದೆ. ಚಕ್ರಕ್ಕೆ ಬಳಸಿದ ಸ್ಪಂಜು ಬಾನೆಟ್ಟಿಗೆ ಮುಟ್ಟಿಸ್ಲೇಬಾರ್ದು. ಹಳೆ ಕಾರಿಗೆ ವಾಟರ್ ವಾಶಲ್ಲಿ ಅದೇ ಮಾಡಿದ್ರು, ಬಿಸಿಲಿಗೆ ನಿಲ್ಲಿಸಿದ್ರೆ ಬಾನೆಟ್ ತುಂಬ ಜೇಡರಬಲೆ ಹಾಗೆ ಸುತ್ತುಸುತ್ತು ಗೀರು ಕಾಣ್ತಿತ್ತು. ಮೇಲೆ ಎಷ್ಟು ನೀರು ಹಾಕ್ತೀರೋ ಅದಕ್ಕಿಂತ ಜಾಸ್ತಿ ಅಡಿಗೆ, ಚಕ್ರದ ಗೂಡಿಗೆ ಹಾಕಿ, ಬಾಗಿಲಿನ ಆ ತೂತಿಗೆ ತಿಂಗಳಿಗೊಮ್ಮೆ ಹಿಡಿಕಡ್ಡಿ ಆಡಿಸಿ. ಬಟ್ಟೆ ಕವರ್ ಹಾಕೋದೂ ನಮ್ಮ ಗಾಳೀಗೆ ಆಗೋದಿಲ್ಲ, ಅಡಿಗೆ ಮರಳು ಸಿಕ್ಕಿ ಕವರ್ ಹಾರಾಡಿದಷ್ಟೂ ಸ್ಯಾಂಡ್‌ಪೇಪರ್ ತಿಕ್ಕಿದ ಹಾಗೆ, ಮೇಲಿಂದ ತೇವ ಬೇರೆ. ನಾಲ್ಕು ಕಂಬ ನೆಟ್ಟು ಶೀಟಿನ ಮಾಡು ಮಾಡಿದ್ರೆ ಸಾಕು, ತೆಂಗಿನಮರದಡಿ, ಗೇರುಮರದಡಿ ಮಾತ್ರ ಬೇಡ.

ಶಿರಸೀಲಿರೋ ನಮ್ಮ ಭಾವನ ಕಾರಿಗೆ ಈ ಉಪ್ಪಿನ ಕಾಟ ಇಲ್ಲ. ಅಲ್ಲಿ ಬೇರೆ ಕಥೆ, ಮಳೆಗಾಲ ಮುಗಿಯೋದ್ರೊಳಗೆ ಗ್ಲಾಸಿನ ರಬ್ಬರಲ್ಲಿ ಹಸಿರು ಪಾಚಿ ಬೆಳೀತದೆ, ತೋಟದ ರಸ್ತೆ ಕೆಂಪು ಮಣ್ಣು ಚಕ್ರದ ಗೂಡಲ್ಲಿ ಗಟ್ಟಿ ಕೂತಿರ್ತದೆ. ಅವ್ರಿಗೆ ಬೇಕಾದ್ದು ಬ್ರಷ್, ನೀರು, ಒಂದಿಷ್ಟು ಮೇಣ. ದೇವಿಮನೆ ಘಟ್ಟ ಇಳಿದು ಕರಾವಳಿಗೆ ಬಂದ್ರೆ ಲೆಕ್ಕ ಬದಲಾಗ್ತದೆ, ಒಂದೇ ಜಿಲ್ಲೇಲೇ ಹೀಗಿರೋವಾಗ ಎಲ್ಲರಿಗೂ ಒಂದೇ ಹಾಳೆ ತೋರ್ಸೋದು ಹೇಗೆ ಸರಿ?

ಮೀನಿನ ಲಾರಿ ಬಗ್ಗೆಯೂ ಬರೀಲೇಬೇಕು. ಮೀನು ನಮ್ಮ ಊಟ, ಬೈತ್‌ಖೋಲ್ ಬಂದರು ನೂರಾರು ಮನೆಯ ಅನ್ನ, ಆ ಲಾರಿ ಓಡ್ಲೇಬೇಕು. ಆದ್ರೆ ಹಿಂದಿನ ಬಾಗಿಲಿಂದ ತಾರ್ಲೆ ಮೀನಿನ ಉಪ್ಪುನೀರು ಹೈವೇ ಉದ್ದಕ್ಕೂ ಸುರಿಸ್ಕೊಂಡು ಹೋಗೋದು ನಿಲ್ಬೇಕು. ಮೊನ್ನೆ ಅಂಥ ಒಂದು ಲಾರಿ ಹಿಂದೆ ಹತ್ತು ನಿಮಿಷ ಸಿಕ್ಕಿಬಿದ್ವಿ, ವೈಪರ್ ಆಡಿಸಿದ್ರೆ ಗ್ಲಾಸ್ ಪೂರ್ತಿ ಎಣ್ಣೆಯಾಯ್ತು, ಮನೇಲಿ ನೋಡಿದ್ರೆ ಗ್ರಿಲ್ಲಿಗೆ ಮೀನಿನ ಹುರುಪೆ ಅಂಟಿತ್ತು. ಬೈಕಲ್ಲಿ ಹೋಗೋರ ಗತಿ ಇನ್ನೂ ಕಷ್ಟ, ಜಾರಿ ಬಿದ್ರೆ ಯಾರು ಹೊಣೆ? ಆ ನೀರು ಹಿಡಿಯೋಕೆ ಲಾರಿ ಅಡಿಗೆ ಒಂದು ಟ್ಯಾಂಕ್ ಇಟ್ರೆ ಆಯ್ತು, ಆರ್‌ಟಿಒ, ಪೊಲೀಸರು ದಯವಿಟ್ಟು ಇದನ್ನ ನೋಡ್ಬೇಕು.

ನಾವು ಕೊನೆಗೆ ಮಾಡಿದ್ದು ಇಷ್ಟು. ಸೆರಾಮಿಕ್ ಬೇಡ ಅಂದ್ವಿ. ಬಂಪರ್, ಬಾನೆಟ್ ಮುಂಭಾಗ, ಎರಡು ಕನ್ನಡಿ ಇಷ್ಟಕ್ಕೆ ಟಿಪಿಯು ಫಿಲ್ಮ್ ಹಾಕ್ಸಿದ್ವಿ, 22,000 ಆಯ್ತು, ಅಂಚು ಎಲ್ಲೂ ಎದ್ದಿಲ್ಲ ಅಂತ ಬೆರಳಾಡಿಸಿ ನೋಡ್ಕೊಂಡೇ ತಂದ್ವಿ. ಉಳಿದ ಕಡೆಗೆ ಮೇಣ ನಾನೇ ಹಚ್ತೇನೆ, ಎರಡು ತಿಂಗಳಿಗೊಮ್ಮೆ, ನಮ್ಮ ಮಳೆಗೆ ಅದಕ್ಕಿಂತ ಜಾಸ್ತಿ ಅದು ನಿಲ್ಲೋದಿಲ್ಲ. ಅಡಿಗೆ ಮತ್ತು ಬಾಗಿಲಿನ ಪೊಳ್ಳಿನೊಳಗೆ ಹೊಡೆಯೋ ಮೇಣದಂಥ ಆಂಟಿ ರಸ್ಟ್ ಡಿಸೆಂಬರಲ್ಲಿ, ಎಲ್ಲಾ ಒಣಗಿದ ಮೇಲೆ. ಒದ್ದೆ, ಕೆಸರು ಇರೋವಾಗ ಅದರ ಮೇಲೇ ಕಪ್ಪು ಕೋಟಿಂಗ್ ಹೊಡೆದ್ರೆ ಉಪ್ಪನ್ನ ಒಳಗೇ ಕಟ್ಟಿಹಾಕಿದ ಹಾಗೆ, ಹೊರಗಿಂದ ಚಂದ ಕಾಣ್ತದೆ ಒಳಗಿಂದ ತಿಂತದೆ.

ಸಂಪಾದಕರೇ, ಹಬ್ಬ ಬಂದ್ರೆ ಪೇಪರಲ್ಲಿ ಪುಟ ತುಂಬ ಕಾರಿನ ಜಾಹೀರಾತು ಬರ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಅದ್ರ ಜೊತೆ ನಮ್ಮ ಕರಾವಳೀಲಿ ಗಾಡಿ ಹೇಗೆ ನೋಡ್ಕೋಬೇಕು ಅಂತ ಊರಿನ ಪೇಂಟರು, ಟಿಂಕರ್ ಕೆಲಸದವ್ರನ್ನ ಮಾತಾಡ್ಸಿ ಒಂದು ಲೇಖನ ಮಾಡಿ, ತುಕ್ಕು ಹಿಡಿದ ಬಾಗಿಲು ದಿನಾ ಕೈಯಲ್ಲಿ ಹಿಡಿಯೋರು ಅವ್ರು. ಶೋರೂಮಿನವ್ರಲ್ಲಿ ಕೇಳೋದು ಒಂದೇ, ಆ ಹಾಳೆ ಬುಕಿಂಗ್ ದಿನವೇ ಕೊಡಿ, ಏನು ಹಚ್ತೀರಿ, ಯಾವ ಭಾಗಕ್ಕೆ, ವಾರಂಟಿ ಯಾವಾಗ ತಪ್ತದೆ ಎಲ್ಲಾ ಕನ್ನಡದಲ್ಲಿ ಬರೆದು ಕೊಡಿ, ಜನ ಮನೇಲಿ ಕೂತು ಯೋಚಿಸ್ಲಿ. ಕೋಟಿಂಗ್ ಕಡ್ಡಾಯ ಅಲ್ಲ. ಕೇಳ್ದೆ ಬಿಲ್ಲಿಗೆ ಸೇರ್ಸಿದ್ರೆ ತೆಗೀರಿ ಅನ್ನಿ, ಒಪ್ದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಮ್ಮ ಪಕ್ಕದ ಮನೆಯವ್ರದ್ದು ಆಯುಧಪೂಜೆ ದಿನ ಡೆಲಿವರಿ ಇದೆ. ಸಾಧ್ಯ ಆದ್ರೆ ಅಷ್ಟರೊಳಗೆ ಈ ಪತ್ರ ಹಾಕಿ.

ಇತಿ ನಿಮ್ಮ ಓದುಗ,
ಕೋಡಿಬಾಗ, ಕಾರವಾರ